ನಾಯಿ ತುರಿಕೆಗೆ ವಾಟ್ಸಾಪ್‌ನಲ್ಲಿ ತರಿಸಿದ "ಆಯುರ್ವೇದಿಕ್ ಪೌಡರ್" ಕೊಡ್ತಿದ್ದೀರಾ? ದಯವಿಟ್ಟು ಪೂರ್ತಿ ಓದಿ

ಮೊದಲು ಮುಖ್ಯವಾದ ಮಾತು ಹೇಳ್ಬಿಡ್ತೀನಿ. ನಿಮ್ಮ ನಾಯಿಗೆ ತುರಿಕೆಗೆ ಅಂತಲೋ, ಅಲರ್ಜಿಗೆ ಅಂತಲೋ, ಕಾಲು ನೋವಿಗೆ ಅಂತಲೋ ಆನ್‌ಲೈನ್‌ನಲ್ಲಿ ತರಿಸಿದ ಹರ್ಬಲ್ ಪೌಡರ್ ಕೊಡ್ತಾ ಇದ್ರೆ, ಅದೂ ಎರಡು ಮೂರು ದಿನಕ್ಕೇ ಆಶ್ಚರ್ಯ ಆಗೋ ಅಷ್ಟು ಗುಣ ಕಾಣಿಸಿದ್ರೆ, ಇದನ್ನ ಓದಿ ಗಾಬರಿಯಾಗಿ ಪ್ಯಾಕೆಟ್ ಕಸಕ್ಕೆ ಹಾಕ್ಬೇಡಿ. ಕೊಡೋದನ್ನ ದಿಢೀರ್ ಅಂತ ನಿಲ್ಲಿಸ್ಲೂ ಬೇಡಿ. ಆ ಪ್ಯಾಕೆಟ್ ಸಮೇತ ಅವತ್ತೇ ವೆಟ್ ಡಾಕ್ಟ್ರ ಹತ್ರ ಹೋಗಿ. ನಮ್ಮ ಜೂಲಿ ಸಾಯೋ ಹಂತಕ್ಕೆ ಹೋಗಿದ್ದು ಪೌಡರ್ ಖಾಲಿ ಆದ್ಮೇಲೆ.

ಜೂಲಿ ಲ್ಯಾಬ್ರಡಾರ್, ತುಮಕೂರಲ್ಲಿ ಅಮ್ಮನ ಮನೇಲಿರೋದು. ಮಳೆಗಾಲ ಶುರುವಾಯ್ತು ಅಂದ್ರೆ ಹೊಟ್ಟೆ ಕೆಳಗೆ, ಬೆರಳ ಸಂದಿ, ಕಿವಿ ಎಲ್ಲಾ ಕೆರ್ಕೊಂಡು ಕೆಂಪಗೆ ಮಾಡ್ಕೊಳ್ಳೋಳು, ರಾತ್ರಿಯೆಲ್ಲಾ ಕಾಲು ನೆಕ್ಕೋ ಸದ್ದಿಗೆ ಅಮ್ಮಂಗೆ ನಿದ್ದೆ ಇಲ್ಲ. ಡಾಕ್ಟ್ರು ಕೊಟ್ಟ ಮಾತ್ರೆ ನಡೀತಿರೋವರೆಗೂ ಚೆನ್ನಾಗಿರೋದು, ನಿಂತ್ರೆ ಮತ್ತೆ ಅದೇ ಕಥೆ. ಆಗ ಅಮ್ಮನ ಪರಿಚಯದೋರೊಬ್ರು ಒಂದು ನಂಬರ್ ಕೊಟ್ರು, ಅವರ ನಾಯಿಗೆ ಪೂರ್ತಿ ವಾಸಿ ಆಯ್ತಂತೆ, ಶುದ್ಧ ಗಿಡಮೂಲಿಕೆ ಅಂತೆ, ಸೈಡ್ ಎಫೆಕ್ಟೇ ಇಲ್ವಂತೆ. ಮೆಸೇಜ್ ಹಾಕಿದ್ವಿ, ದುಡ್ಡು ಕಳಿಸಿದ್ವಿ, ಕೊರಿಯರ್ ಬಂತು.

ಆ ಪ್ಯಾಕೆಟ್ ಇನ್ನೂ ನನ್ನ ಹತ್ರ ಇದೆ. ಹಳದಿ ಬಣ್ಣದ ಜಿಪ್ ಕವರ್, ಮೇಲೆ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಒಂದು ಎಲೆ ಒಂದು ನಾಯಿ ಮುಖ. "100% ನ್ಯಾಚುರಲ್", "ತುರಿಕೆ, ಕಜ್ಜಿ, ಅಲರ್ಜಿ ಬುಡಸಮೇತ ಮಾಯ" ಅಂತ ದೊಡ್ಡ ಅಕ್ಷರದಲ್ಲಿ. ಒಳಗಿರೋದು ಏನು ಅಂದ್ರೆ "ಬೇವು, ಅರಿಶಿನ, ಮಂಜಿಷ್ಠ ಮತ್ತು ಇತರೆ ಗಿಡಮೂಲಿಕೆಗಳು". ಎಷ್ಟೆಷ್ಟು ಅಂತ ಇಲ್ಲ. ಬ್ಯಾಚ್ ನಂಬರ್ ಇಲ್ಲ, ತಯಾರಿಸಿದ ತಾರೀಕು ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಅಡ್ರೆಸ್ ಇರ್ಬೇಕಾದ ಜಾಗದಲ್ಲಿ ಬರೀ ಮೊಬೈಲ್ ನಂಬರ್. ಹಿಂದುಗಡೆ ಕೆಳಮೂಲೆಯಲ್ಲಿ ಕಣ್ಣಿಗೆ ಕಾಣಿಸದ ಸೈಜಲ್ಲಿ ಇಂಗ್ಲಿಷಲ್ಲಿ ಫೀಡ್ ಸಪ್ಲಿಮೆಂಟ್, ನಾಟ್ ಫಾರ್ ಮೆಡಿಸಿನಲ್ ಯೂಸ್ (ಪ್ರಾಣಿಗಳ ಪೂರಕ ಆಹಾರ, ಔಷಧಿಯಾಗಿ ಬಳಸೋಕಲ್ಲ ಅಂತ). ಮುಂದುಗಡೆ ರೋಗ ವಾಸಿ ಮಾಡ್ತೀನಿ ಅಂತಾರೆ, ಹಿಂದುಗಡೆ ಇದು ಔಷಧಿನೇ ಅಲ್ಲ ಅಂತಾರೆ. ಈ ಎರಡು ಸಾಲಿನ ಮಧ್ಯೆ ಇರೋ ಸಂದಿಯಲ್ಲೇ ಇಡೀ ದಂಧೆ ನಡೀತಿರೋದು.

ಪೌಡರನ್ನ ಮೊಸರನ್ನದಲ್ಲಿ ಕಲಸಿ ಕೊಟ್ರೆ ವಾರದೊಳಗೆ ತುರಿಕೆ ನಿಂತೇ ಹೋಯ್ತು. ಕೂದಲು ಹೊಳೀತಿತ್ತು, ಊಟ ಅಂತೂ ಹಾಕಿದ್ದಷ್ಟೂ ಖಾಲಿ, ಅಮ್ಮಂಗೆ ಖುಷಿಯೋ ಖುಷಿ. ಆಮೇಲೆ ನೀರು ಕುಡಿಯೋದು ಜಾಸ್ತಿ ಆಯ್ತು. ಬಟ್ಟಲು ತುಂಬ್ಸಿದ್ರೆ ನಿಂತಲ್ಲೇ ಖಾಲಿ, ಆಮೇಲೆ ಬಚ್ಚಲುಮನೆಗೆ ಹೋಗಿ ಬಕೆಟ್‌ಗೆ ಬಾಯಿ ಹಾಕೋಳು. ಯಾವತ್ತೂ ಮನೆಯೊಳಗೆ ಗಲೀಜು ಮಾಡದೋಳು ರಾತ್ರಿ ನಡುಮನೇಲೇ ಉಚ್ಚೆ ಹೊಯ್ಯೋಕೆ ಶುರು ಮಾಡಿದ್ಳು. ಸುಮ್ನೆ ಮಲಗಿದ್ರೂ ಏದುಸಿರು. ಹೊಟ್ಟೆ ಜೋತು ಬಿತ್ತು, ಬೆನ್ನಿನ ಮಾಂಸ ಕರಗಿ ಮೂಳೆ ಕೈಗೆ ಸಿಗೋದು, ಹೊಟ್ಟೆ ಚರ್ಮ ಅಂತೂ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಗಿ ಒಳಗಿನ ನರ ನೀಲಿಯಾಗಿ ಕಾಣ್ತಿತ್ತು, ಅದರ ಮೇಲೆ ಸಾಸಿವೆ ಗಾತ್ರದ ಕಪ್ಪು ಚುಕ್ಕಿಗಳು. ಪೌಡರ್ ಮಾರೋನಿಗೆ ಫೋನ್ ಮಾಡಿದ್ರೆ, "ಮೇಡಂ ಅದು ಡಿಟಾಕ್ಸ್, ಒಳಗಿರೋ ವಿಷ ಎಲ್ಲಾ ನೀರಲ್ಲಿ ಹೊರಗೆ ಹೋಗ್ತಿದೆ, ಒಳ್ಳೇದೇ ಅದು, ಡೋಸ್ ಸ್ವಲ್ಪ ಜಾಸ್ತಿ ಮಾಡಿ" ಅಂದ. ಜಾಸ್ತಿ ಮಾಡಿ ಅಂದ!!

ಸರಿ, ಪ್ಯಾಕೆಟ್ ಖಾಲಿ ಆಯ್ತು, ಮುಂದಿನ ಕೊರಿಯರ್ ಹಬ್ಬದ ರಜೆಗೆ ಸಿಕ್ಕಿ ಲೇಟ್ ಆಯ್ತು. ಕೆಲವೇ ದಿನ. ಜೂಲಿ ಊಟ ಬಿಟ್ಳು, ವಾಂತಿ ಮಾಡಿದ್ಳು, ನಡುಗೋಕೆ ಶುರು. ಒಂದು ಬೆಳಿಗ್ಗೆ ಹಿಂಗಾಲು ಎತ್ತೋಕೇ ಆಗ್ಲಿಲ್ಲ, ವಸಡು ಬಿಳಿಚಿಕೊಂಡಿತ್ತು, ಅಣ್ಣ ಬೆಡ್‌ಶೀಟ್‌ನಲ್ಲಿ ಹಾಕ್ಕೊಂಡು ಕಾರಿಗೆ ಎತ್ಕೊಂಡ.

ಡಾಕ್ಟ್ರು ನೋಡಿದ ತಕ್ಷಣ ಕೇಳಿದ್ದು ಒಂದೇ, "ಏನಮ್ಮಾ, ಸ್ಟೀರಾಯ್ಡ್ ಎಷ್ಟು ದಿನದಿಂದ ಕೊಡ್ತಿದ್ದೀರಿ?" ಇಲ್ಲ ಸಾರ್, ಬರೀ ಆಯುರ್ವೇದ ಅಂದ್ವಿ. ಅವರು ಸುಮ್ನೆ ತಲೆ ಆಡಿಸಿ ಡ್ರಿಪ್ ಹಾಕಿದ್ರು. ಗ್ಲೂಕೋಸ್ ಇಳಿದುಹೋಗಿತ್ತು, ಲಿವರ್ ರಿಪೋರ್ಟಲ್ಲಿ ಎಎಲ್‌ಪಿ ಅನ್ನೋ ಕಿಣ್ವ ಸಿಕ್ಕಾಪಟ್ಟೆ ಮೇಲಿತ್ತು. ಆಮೇಲೆ ಬೆಂಗಳೂರಲ್ಲಿ ಎಸಿಟಿಎಚ್ ಟೆಸ್ಟ್ ಮಾಡ್ಸಿದ್ವಿ. ಅದೇನು ಅಂದ್ರೆ ಮೊದಲು ರಕ್ತ ತಗೊಂಡು, ಒಂದು ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ರಕ್ತ ತಗೋತಾರೆ. ಇಂಜೆಕ್ಷನ್ ಕೊಟ್ಟಾಗ ಆರೋಗ್ಯವಾಗಿರೋ ನಾಯಿಯ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ (ಮೈ ತಾನೇ ತಯಾರಿಸ್ಕೊಳ್ಳೋ ಸ್ಟೀರಾಯ್ಡ್ ಹಾರ್ಮೋನ್) ಸುರಿಸ್ಬೇಕು. ಕುಶಿಂಗ್ಸ್ ಅಂತ ಒಂದು ಕಾಯಿಲೆ ಇದೆ, ಅದಿದ್ರೂ ಹೊಟ್ಟೆ ಜೋಲೋದು ನೀರು ಕುಡಿಯೋದು ಎಲ್ಲಾ ಹೀಗೇ ಇರುತ್ತೆ, ಆದ್ರೆ ಅದರಲ್ಲಿ ಕಾರ್ಟಿಸೋಲ್ ಸಾಮಾನ್ಯವಾಗಿ ಇನ್ನೂ ಜಾಸ್ತಿ ಏರುತ್ತೆ. ಜೂಲಿದು ಎರಡು ಸಲವೂ ತಳದಲ್ಲೇ ಇತ್ತು. ನೋಡೋಕೆ ಸ್ಟೀರಾಯ್ಡ್ ತುಂಬಿಕೊಂಡ ಮೈ, ರಕ್ತದಲ್ಲಿ ಮಾತ್ರ ಅವಳದೇ ಆದ ಹಾರ್ಮೋನ್ ಇಲ್ಲ. ಈ ಎರಡೂ ಒಟ್ಟಿಗೆ ಕಂಡ್ರೆ ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋಗಿದೆ ಅಂತಾನೇ ಅರ್ಥ ಅಂದ್ರು ಡಾಕ್ಟ್ರು. ಅಂದ್ರೆ ಆ ಪೌಡರ್‌ನಲ್ಲೇ ಬೆರೆಸಿರ್ಬೇಕು. ಹೊರಗಿನಿಂದ ದಿನಾ ಬರ್ತಿದ್ರೆ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತೆ, ಹೊರಗಿನದ್ದು ಒಮ್ಮೆಲೇ ನಿಂತ್ರೆ ಮೈಯಲ್ಲಿ ಏನೂ ಉಳಿಯಲ್ಲ, ಕುಸಿದು ಬೀಳುತ್ತೆ. ಅದಕ್ಕೇ ದಿಢೀರ್ ನಿಲ್ಲಿಸ್ಬೇಡಿ ಅಂದಿದ್ದು. ಈಗ ಜೂಲಿಗೆ ಪ್ರೆಡ್ನಿಸೋಲೋನ್ ಮಾತ್ರೆ (ಅದೂ ಸ್ಟೀರಾಯ್ಡೇ, ಆದ್ರೆ ಅಳತೆಯಲ್ಲಿ) ಕೊಟ್ಟು ನಿಧಾನಕ್ಕೆ ಇಳಿಸ್ತಾ ಇದ್ದಾರೆ, ಊಟ ಮಾಡ್ತಾಳೆ, ಮೆಟ್ಟಿಲು ಹತ್ತೋಕೆ ಇನ್ನೂ ಆಗಲ್ಲ. ತುರಿಕೆ ವಾಪಸ್ ಬಂದಿದೆ, ಅದು ವಾಸಿನೇ ಆಗಿರ್ಲಿಲ್ಲ, ಸ್ಟೀರಾಯ್ಡ್ ಕೆಳಗೆ ಮುಚ್ಚಿಕೊಂಡಿತ್ತು ಅಷ್ಟೇ.

ಇಷ್ಟೆಲ್ಲಾ ಆದ್ಮೇಲೆ ಕಂಪ್ಲೇಂಟ್ ಕೊಡೋಣ, ಇನ್ನೊಬ್ಬರ ನಾಯಿಗೆ ಹೀಗಾಗ್ಬಾರ್ದು ಅಂತ ಹೊರಟ್ವಿ ನೋಡಿ, ಅಲ್ಲಿ ನಿಜವಾದ ಸಂಕಟ ಶುರು. ಒಂದು ಕಡೆ "ಪ್ರಾಣಿದಾದ್ರೆ ನಮಗೆ ಬರಲ್ಲ" ಅಂದ್ರು. ಇನ್ನೊಂದು ಕಡೆ "ನಮ್ದು ಚಿಕಿತ್ಸೆ ಮಾತ್ರ, ಔಷಧಿ ಕ್ವಾಲಿಟಿ ನೋಡೋದು ಬೇರೆಯವರು". ಅಲ್ಲಿ ಹೋದ್ರೆ "ಆಯುರ್ವೇದ ಅಂತೀರಲ್ಲ, ಅದಕ್ಕೆ ಬೇರೆ ಇದ್ದಾರೆ". ಕೊನೇಲಿ ಒಬ್ರು ಪ್ಯಾಕೆಟ್ ಹಿಂದೆ ತಿರುಗಿಸಿ ಆ ಸಣ್ಣಕ್ಷರ ತೋರ್ಸಿ "ಇದು ಔಷಧಿನೇ ಅಲ್ವಲ್ಲ, ಫೀಡು" ಅಂದ್ರು. ಒಬ್ಬರೂ ನಾಯಿ ಹೆಸರು, ವಯಸ್ಸು, ಏನಾಯ್ತು, ಪೌಡರ್ ಎಲ್ಲಿಂದ ಬಂತು ಅಂತ ಒಂದು ಚೀಟಿ ಮೇಲೂ ಬರ್ಕೊಳ್ಲಿಲ್ಲ. ನನಗೆ ಅತಿ ಹೆಚ್ಚು ಹೊಟ್ಟೆ ಉರಿದಿದ್ದು ಅದಕ್ಕೇ. ಶಿಕ್ಷೆ ಆಮೇಲಿನ ಮಾತು, ಮೊದಲು ಬರ್ಕೊಳ್ಳಿ ಸ್ವಾಮಿ!

ಕಾನೂನೇ ಇಲ್ವಾ ಅಂತ ಕೂತು ಓದಿದೆ. ಇದೆ ಕಣ್ರೀ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯಲ್ಲಿ ಆಯುರ್ವೇದ ಔಷಧಿ ಅಂದ್ರೇನು ಅಂತ ಹೇಳೋ ಕಡೆ "ಮನುಷ್ಯರ ಅಥವಾ ಪ್ರಾಣಿಗಳ" ರೋಗಕ್ಕೆ ಅಂತ ಸ್ಪಷ್ಟವಾಗಿದೆ. ಅಂದ್ರೆ ನಾಯಿಗೆ ಅಂತ ಆಯುರ್ವೇದ ಔಷಧಿ ತಯಾರಿಸಿ ಮಾರೋದಕ್ಕೂ ಲೈಸೆನ್ಸ್ ಬೇಕು, ಲೇಬಲ್ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ತಾರೀಕು, ತಯಾರಕರ ವಿಳಾಸ, ಏನೇನು ಎಷ್ಟೆಷ್ಟು ಹಾಕಿದೆ ಅನ್ನೋದು ಎಲ್ಲಾ ಇರ್ಬೇಕು. "ಇತರೆ ಗಿಡಮೂಲಿಕೆಗಳು" ಅಂತ ಬರೆದು ತಪ್ಪಿಸ್ಕೊಳ್ಳೋ ಹಾಗಿಲ್ಲ. ಸುಳ್ಳು ಜಾಹೀರಾತಿನ ಮೇಲೆ ಇರೋ 1954ರ ಕಾಯ್ದೆಯಲ್ಲೂ ಔಷಧಿ ಅಂದ್ರೆ ಪ್ರಾಣಿಗಳ ಔಷಧಿನೂ ಸೇರಿದೆ. ನೋಂದಣಿ ಆದ ಪಶುವೈದ್ಯರನ್ನ ಬಿಟ್ರೆ ಬೇರೆಯವರು ಪ್ರಾಣಿಗಳಿಗೆ ವೈದ್ಯ ಮಾಡೋ ಹಾಗಿಲ್ಲ ಅಂತ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಹೇಳುತ್ತೆ (ತರಬೇತಿ ಪಡೆದ ಸಿಬ್ಬಂದಿ ಡಾಕ್ಟ್ರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟದ್ದು ಮಾಡ್ಬಹುದು). ಆದ್ರೆ ತಯಾರಿಸೋಕೆ ಲೈಸೆನ್ಸ್ ಬೇಕೇ ಹೊರತು ಆಯುರ್ವೇದ ಔಷಧಿ ಮಾರೋ ಅಂಗಡಿಗೆ ಮೆಡಿಕಲ್ ಸ್ಟೋರ್ ಥರ ಸೇಲ್ ಲೈಸೆನ್ಸ್ ಬೇಕಾಗಿಲ್ಲ, ಮೇಲಿಂದ ಫೀಡ್ ಅಂತ ಒಂದು ಪದ ಅಂಟಿಸಿಬಿಟ್ರೆ ನೋಡೋರೇ ಇಲ್ಲ.

ಅಡ್ಡಪರಿಣಾಮ ವರದಿ ಮಾಡೋ ವ್ಯವಸ್ಥೆ ಮನುಷ್ಯರಿಗೆ ಇದೆ. 2010ರಲ್ಲಿ ಶುರುವಾದ ಫಾರ್ಮಾಕೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸೋದು, ಉಚಿತ ಫೋನ್ ನಂಬರೂ ಇದೆ 1800-180-3024. ಆಯುರ್ವೇದ, ಸಿದ್ಧ, ಯುನಾನಿ, ಹೋಮಿಯೋಪತಿಗೆ ಅಂತ ಬೇರೆ ಒಂದು ಜಾಲ ದೆಹಲಿಯ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದದ ಕೆಳಗಿದೆ. ನಿಮಗೋ ನಿಮ್ಮ ಅಜ್ಜಿಗೋ ಇಂಥ ಪೌಡರ್‌ನಿಂದ ಏನಾದ್ರೂ ಆದ್ರೆ ಖಂಡಿತ ಅಲ್ಲಿ ತಿಳಿಸಿ. ಜೂಲಿ ಅಂಥವರಿಗೆ ಆ ಫಾರಂನಲ್ಲಿ ಕಾಲಂ ಇಲ್ಲ.

ಬರ್ಕೊಂಡ್ರೆ ಏನು ಸಿಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಟೀ ಟ್ರೀ ಎಣ್ಣೆ ಗೊತ್ತಲ್ಲ, ಮೊಡವೆಗೆ ಹಚ್ತಾರೆ, ನ್ಯಾಚುರಲ್ ಅಂತ ಜನ ನಾಯಿ ಬೆಕ್ಕಿನ ಚರ್ಮಕ್ಕೂ ಹಚ್ತಾರೆ. ಅಮೆರಿಕದಲ್ಲಿ ಎಎಸ್‌ಪಿಸಿಎ ಅನ್ನೋ ಪ್ರಾಣಿ ದಯಾ ಸಂಸ್ಥೆಯ ಪ್ರಾಣಿಗಳ ವಿಷ ಸಹಾಯವಾಣಿಗೆ 2002ರಿಂದ 2012ರವರೆಗೆ ಬಂದ ಕರೆಗಳನ್ನ ಒಟ್ಟು ಹಾಕಿ ನೋಡಿದ್ರೆ ಶುದ್ಧ ಟೀ ಟ್ರೀ ಎಣ್ಣೆಯಿಂದ ವಿಷವಾದ ನಾಯಿ ಬೆಕ್ಕುಗಳು 443. ಜೊಲ್ಲು, ಮಂಪರು, ಕಾಲು ಸ್ವಾಧೀನ ತಪ್ಪೋದು, ನಡುಕ. ಅದರಲ್ಲಿ 89% ಮನೆಯವರೇ ಒಳ್ಳೇದಾಗ್ಲಿ ಅಂತ ಬೇಕಂತಲೇ ಹಚ್ಚಿದ್ದೋ ಕೊಟ್ಟಿದ್ದೋ. ಈ ಲೆಕ್ಕ ಸಿಕ್ಕಿದ್ದು ಫೋನ್ ಎತ್ತಿದವರು ಪ್ರತಿಯೊಂದನ್ನೂ ಬರ್ಕೊಂಡಿದ್ದಕ್ಕೆ. ಬ್ರಿಟನ್‌ನಲ್ಲಿ ಪ್ರಾಣಿಗಳ ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ವೆಟರಿನರಿ ಮೆಡಿಸಿನ್ಸ್ ಡೈರೆಕ್ಟರೇಟ್‌ಗೆ ನಾಯಿ ಸಾಕಿದವರೇ ನೇರವಾಗಿ ವರದಿ ಕಳಿಸಬಹುದು.

ನಾಯಿ ಬೆಕ್ಕು ತಾನೇ ಅನ್ಬೇಡಿ. ಇದೇ ಥರ ಕಲಬೆರಕೆ ಪೌಡರ್ ಹಸುವಿಗೆ ಕೊಟ್ರೆ? ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್‌ನ ಡಾಕ್ಟ್ರುಗಳು ತುಂಬುಗಬ್ಬದ ಹಸುವಿಗೆ ಬೇಗ ಕರು ಹಾಕಿಸೋಕೆ ಬಳಸ್ತಾರೆ, ಅಂದ್ರೆ ಗಬ್ಬದ ಹಸುವಿಗೆ ಗೊತ್ತಿಲ್ದೆ ಕೊಟ್ರೆ ಕಂದು ಹಾಕ್ಬಹುದು. ಹಾಲು ಕಮ್ಮಿ ಆಗುತ್ತೆ, ಕರೆದ ಹಾಲು ಡೈರಿಗೆ ಹೋಗಿ ನಮ್ಮ ನಿಮ್ಮ ಮನೆ ಕಾಫಿಗೆ ಬರುತ್ತೆ. ದನದ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಡಿಸ್ತು, ಕಾರಣ ಗೊತ್ತಾಗೋ ಹೊತ್ತಿಗೆ ದೇಶದ ಬಹುಪಾಲು ರಣಹದ್ದು ಹೋಗಿದ್ವು, 2006ರಲ್ಲಿ ಪ್ರಾಣಿಗಳಿಗೆ ಅದನ್ನ ನಿಷೇಧ ಮಾಡಿದ್ರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರೋ ಕೆಲವನ್ನ ನೋಡಿದವರಿಗೆ ಅರ್ಥ ಆಗುತ್ತೆ, ಒಂದು ಪ್ರಾಣಿಗೆ ಕೊಟ್ಟ ಔಷಧಿ ಅಲ್ಲಿಗೇ ನಿಲ್ಲಲ್ಲ ಅಂತ.

ನಾಟಿ ಔಷಧಿ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚೋದನ್ನ ಎನ್‌ಡಿಡಿಬಿಯವರೇ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಊರೂರಲ್ಲಿ ಹೇಳ್ಕೊಡ್ತಾರೆ, ಆ್ಯಂಟಿಬಯೋಟಿಕ್ ಬಳಕೆ ಕಮ್ಮಿ ಆಗ್ಲಿ ಅಂತ. ಯಲಹಂಕ ಹತ್ತಿರದ ಟಿಡಿಯು (ಟ್ರಾನ್ಸ್‌ಡಿಸಿಪ್ಲಿನರಿ ಯೂನಿವರ್ಸಿಟಿ) ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಅಲ್ಲಿ ಏನು ಹಾಕ್ತೀವಿ, ಎಷ್ಟು ಹಾಕ್ತೀವಿ, ಎಲ್ಲಾ ಕಣ್ಣೆದುರಿಗೇ ಇದೆ, ನಮ್ಮ ಹಿತ್ತಲಲ್ಲೇ ಸಿಗುತ್ತೆ. ನನ್ನ ಜಗಳ ಇರೋದು ಒಳಗೇನಿದೆ ಅಂತ ಹೇಳದ ಪ್ಯಾಕೆಟ್ ಜೊತೆ.

ಈಗ ಅಂಥ ಪ್ಯಾಕೆಟ್ ಮನೇಲಿ ಇರೋರಿಗೆ. ಒಂದು ದಿನ ನೀರು ಅಳೆದು ಇಡಿ, ನಾಯಿ ತೂಕದ ಪ್ರತಿ ಕೆಜಿಗೆ ದಿನಕ್ಕೆ 100 ಎಂಎಲ್ ದಾಟಿದ್ರೆ ಅದು ಡಿಟಾಕ್ಸ್ ಅಲ್ಲ, ಏನೋ ತೊಂದ್ರೆ. 28 ಕೆಜಿ ನಾಯಿಗೆ 2.8 ಲೀಟರ್ ಅಂತ ಲೆಕ್ಕ ಹಾಕ್ಕೊಳ್ಳಿ. ಬೇಸಿಗೇಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಆದ್ರೂ ಅಷ್ಟು ದಾಟಿದ್ರೆ ತೋರ್ಸಿ. ಹೊಟ್ಟೆ ಜೋತು ಬಿದ್ದಿದೆಯಾ, ಚರ್ಮ ತೆಳ್ಳಗಾಗಿದೆಯಾ ನೋಡಿ. ಮಾರೋರ ಹತ್ರ ಲೈಸೆನ್ಸ್ ನಂಬರ್ ಕೇಳಿ, ಕೇಳಿದ ತಕ್ಷಣ ಬ್ಲಾಕ್ ಮಾಡಿದ್ರೆ ಉತ್ತರ ಸಿಕ್ಕಿದ ಹಾಗೇ (ನನ್ನನ್ನ ಹಾಗೇ ಮಾಡಿದ್ದು). ಖಾಲಿ ಪ್ಯಾಕೆಟ್, ಉಳಿದ ಪುಡಿ, ಕೊರಿಯರ್ ಕವರ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಚಾಟ್, ಒಂದನ್ನೂ ಅಳಿಸ್ಬೇಡಿ. ಊರಲ್ಲಿ ವೆಟ್ ಡಾಕ್ಟ್ರು ಹತ್ರದಲ್ಲಿ ಇಲ್ಲ ಅಂದ್ರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ಗಾಡಿ ಬರುತ್ತೆ.

ಡಾಕ್ಟ್ರ ಹತ್ರ ಹೋದಾಗ ಪೌಡರ್ ಹೆಸರು, ಎಷ್ಟು ದಿನ ಕೊಟ್ರಿ, ಯಾವ ನಂಬರ್‌ನಿಂದ ತರಿಸಿದ್ರಿ ಅನ್ನೋದನ್ನ ಕೇಸ್ ಪೇಪರ್‌ನಲ್ಲೇ ಬರೆಸಿ, ಸೀಲ್ ಹಾಕಿಸಿ, ಒಂದು ಕಾಪಿ ಇಟ್ಕೊಳ್ಳಿ. ಆಮೇಲೆ ಕಂಪ್ಲೇಂಟನ್ನ ಬಾಯಲ್ಲಿ ಹೇಳೋಕೆ ಹೋಗ್ಬೇಡಿ, ಕಾಗದದಲ್ಲಿ ಬರೆದು ಆ ಕೇಸ್ ಪೇಪರ್ ಜೊತೆ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ ಇಲ್ಲಾ ಸ್ವೀಕೃತಿ ಸೀಲ್ ತಗೊಂಡೇ ಬನ್ನಿ. ನಮ್ದು ಹಾಗೆ ಕಳಿಸಿದ್ದೀವಿ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.