ನಿಕಾನ್ 200-500 ಲೆನ್ಸ್: ರಂಗನತಿಟ್ಟಿನ ಬಂಡೆಗಳಿಂದ ಹೊನ್ನಾವರದ ಕಡಲವರೆಗೆ

2019ರ ಶಿವರಾತ್ರಿಗೆ ಸ್ವಲ್ಪ ಮುಂಚೆ ನಾನು ನಿಕಾನ್ ಕಂಪನಿಯ, ದೂರದ್ದನ್ನು ಹತ್ತಿರ ತೋರಿಸುವ 200-500 ಮಿ.ಮೀ. ಎಫ್/5.6 ಜೂಮ್ ಲೆನ್ಸನ್ನು ಕೊಂಡೆ. ಅಂದಿನಿಂದ ಪ್ರತಿ ವರ್ಷ ಚಳಿ ಕಳೆದು ಮುಂಗಾರು ಹಿಡಿಯುವವರೆಗಿನ ವಾರಾಂತ್ಯಗಳನ್ನು ಬೆಂಗಳೂರಿನಿಂದ ಎರಡು ದಿಕ್ಕಿಗೆ ಹಂಚಿಕೊಂಡಿದ್ದೇನೆ. ಒಂದು, ಕಾವೇರಿ ಮತ್ತು ಶಿಂಷಾ ನದಿಗಳ ದಂಡೆ. ಇನ್ನೊಂದು, ಶರಾವತಿ ಕಡಲು ಸೇರುವ ಹೊನ್ನಾವರ. ಮೊದಲನೆಯದು ಹಕ್ಕಿಗಳಿಗಾಗಿ, ಎರಡನೆಯದು ಅಲ್ಲಿನ ಕಾಸರಕೋಡ ಕಡಲತೀರ ಬದಲಾಗುತ್ತಿರುವುದನ್ನು ದಾಖಲಿಸಲಿಕ್ಕಾಗಿ. 2020ರ ವಸಂತ ಮಾತ್ರ ಲಾಕ್‌ಡೌನ್‌ನಿಂದಾಗಿ ಮನೆಯ ತಾರಸಿಯ ಮೇಲೆ ಹದ್ದುಗಳ ಹಾರಾಟವನ್ನು ತೆಗೆಯುವುದರಲ್ಲೇ ಕಳೆಯಿತು. ಈ ಲೆನ್ಸಿನ ಬಗ್ಗೆ ನದಿಯ ದಂಡೆಯಲ್ಲಿ ನನಗಿರುವ ಅಭಿಪ್ರಾಯವೇ ಬೇರೆ, ಕಡಲ ದಂಡೆಯಲ್ಲಿರುವ ಅಭಿಪ್ರಾಯವೇ ಬೇರೆ. ಕೊಳ್ಳುವ ಯೋಚನೆಯಲ್ಲಿರುವವರು ಎರಡನ್ನೂ ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಲೆನ್ಸ್ ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ಟ್ರೈಪಾಡ್ ಕಾಲರ್ (ಸ್ಟ್ಯಾಂಡಿಗೆ ಕೂರಿಸುವ ಬಳೆ) ಸೇರಿ ಅದರ ತೂಕ 2.3 ಕಿಲೋ, ನನ್ನ ಡಿ7500 ಕ್ಯಾಮೆರಾ ಜೊತೆಯಾದರೆ ಮೂರು ಕಿಲೋ ಆಗುತ್ತದೆ. 200ರಿಂದ 500ರವರೆಗೂ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) 5.6ರಲ್ಲೇ ನಿಲ್ಲುವುದರಿಂದ ಜೂಮ್ ಮಾಡಿದಾಗ ಬೆಳಕು ಕುಗ್ಗುವುದಿಲ್ಲ. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ ನೋಟದ ಅಗಲ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 300-750 ಮಿ.ಮೀ.ಗೆ ಸಮನಾಗುತ್ತದೆ.

ರಂಗನತಿಟ್ಟು ಈ ಲೆನ್ಸಿಗೆಂದೇ ಇರುವ ಜಾಗವೆಂದು ನನಗೆ ಅನೇಕ ಸಲ ಅನ್ನಿಸಿದೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳ ಸುತ್ತ ದೋಣಿಯಲ್ಲಿ ಹೋಗುವಾಗ, ಬಣ್ಣದ ಕೊಕ್ಕರೆ, ಚಮಚಕೊಕ್ಕು, ಬಾಯ್ಕಳಕಗಳ ಗೂಡುಗಳು ಒಮ್ಮೆ ಹತ್ತಿರದಲ್ಲಿರುತ್ತವೆ, ಮರುಕ್ಷಣವೇ ನದಿಯ ಆಚೆಗಿರುತ್ತವೆ. ಅಲ್ಲಿ ಲೆನ್ಸ್ ಬದಲಿಸುವಷ್ಟು ಹೊತ್ತೂ ಸಿಗುವುದಿಲ್ಲ. ಜೂಮ್ ಇರುವುದರ ನಿಜವಾದ ಲಾಭ ಅಲ್ಲಿಯೇ ಗೊತ್ತಾಗುವುದು. ದೋಣಿಯಲ್ಲಿ ಮಾನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಊರಬೇಡಿ, ದೋಣಿಯ ಅಲುಗಾಟವೆಲ್ಲ ಅದರ ಮೂಲಕ ನೇರವಾಗಿ ಕ್ಯಾಮೆರಾಕ್ಕೆ ಬರುತ್ತದೆ. ಎರಡೂ ಮೊಣಕೈಗಳನ್ನು ಎದೆಗೊತ್ತಿ ಹಿಡಿದು, ವಿಆರ್ (ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆ) ಗುಂಡಿಯನ್ನು ಸ್ಪೋರ್ಟ್ ಸ್ಥಾನಕ್ಕೆ ತಂದುಕೊಂಡರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು 1/500 ಸೆಕೆಂಡಿನಲ್ಲೂ ಚೂಪಾಗಿ ತೆಗೆಯಬಹುದು. ಆದರೆ ವಿಆರ್ ತಡೆಯುವುದು ನಮ್ಮ ಕೈಯ ನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ನೀರಿಗೆ ಎರಗುವ ನದಿ ರೀವದಂಥ (ರಿವರ್ ಟರ್ನ್) ಹಕ್ಕಿಗೆ 1/2000ಕ್ಕಿಂತ ಕೆಳಗಿಳಿದರೆ ರೆಕ್ಕೆಯ ತುದಿ ಕಲಸಿಹೋಗುತ್ತದೆ. ಕೊಕ್ಕರೆಗಳ ಬಿಳಿ ಗರಿಗಳು ಬೆಳಗಿನ ಬಿಸಿಲಿನಲ್ಲಿ ಬೇಗ ಸುಟ್ಟುಹೋಗುವುದರಿಂದ ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ತಗ್ಗಿಸಿಟ್ಟುಕೊಳ್ಳುವುದು ನನ್ನ ರೂಢಿ.

ಈ ನದಿ ರೀವಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತಲೆ ಎತ್ತಿದಾಗ ಅವು ಬರಿಯ ಕಲ್ಲಿನ ಮೇಲೆಯೇ ಮೊಟ್ಟೆ ಇಡುತ್ತವೆ. ತಾಯಿ ಹಕ್ಕಿ ಹೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆಗೂ ಕಾಣುತ್ತದೆ. ಹಾಗಾಗಿ ‘ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಣ್ಣಾ’ ಎಂದು ದೋಣಿ ನಡೆಸುವವರನ್ನು ಒತ್ತಾಯಿಸುವ ಅಗತ್ಯವೇ ಬೀಳದಂತೆ ಮಾಡಿದ್ದು ಈ ಲೆನ್ಸ್ ನನಗೆ ಮಾಡಿದ ದೊಡ್ಡ ಉಪಕಾರ. ದಂಡೆಯ ಹುಲ್ಲಿನಲ್ಲಿ ಕೂತ ಏರೋಪ್ಲೇನ್ ಚಿಟ್ಟೆಗೂ ಇದು ಒದಗುತ್ತದೆ, 2.2 ಮೀಟರ್ ಹತ್ತಿರದವರೆಗೆ ಫೋಕಸ್ ಆಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಶಿಂಷಾ ನದಿಗೆ ಹತ್ತಿರದ ಆ ಊರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿತ್ತಿಲಿನಲ್ಲಿ ನಿಂತು 200 ಮಿ.ಮೀ.ನಲ್ಲಿ ನೋಡಿದರೂ ಚೌಕಟ್ಟಿನ ತುಂಬ ಒಂದು ಕೊಕ್ಕು ಮಾತ್ರ ಕಾಣುತ್ತದೆ. ಅಲ್ಲಿಗೆ 70-300 ಮಿ.ಮೀ. ಲೆನ್ಸ್ ಸಾಕು. ಹಿತ್ತಿಲಿಗೆ ಕಾಲಿಡುವ ಮೊದಲು ಮನೆಯವರನ್ನು ಕೇಳುವುದನ್ನು ಮರೆಯಬಾರದು. ಆ ಹಕ್ಕಿಗಳನ್ನು ತಲೆಮಾರುಗಳಿಂದ ಕಾಪಾಡಿದವರು ಅವರೇ.

ಇನ್ನು ಕಡಲು. ಕಾಸರಕೋಡಕ್ಕೆ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಅದೇ ದಂಡೆಯ ಟೊಂಕ ಎಂಬ ಜಾಗದಲ್ಲಿ ಬಂದರು ಯೋಜನೆಯೊಂದಿದೆ, ಅದಕ್ಕೆ ಮೀನುಗಾರರ ವಿರೋಧವೂ ವರ್ಷಗಳಿಂದ ಇದೆ. ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುವುದೂ ಇದೇ ಮರಳಿಗೆ. ಇಂಥ ಜಾಗದ ಬದಲಾವಣೆಯನ್ನು ತೋರಿಸಬೇಕೆಂದರೆ ಒಂದೇ ಜಾಗದಲ್ಲಿ ನಿಂತು, ಜೂಮ್ ಬದಲಿಸದೆ ಒಂದೇ ಫೋಕಲ್ ಲೆಂಗ್ತ್‌ನಲ್ಲಿ, ಕಡಲು ಒಂದೇ ಮಟ್ಟದಲ್ಲಿರುವಾಗ ಮತ್ತೆ ಮತ್ತೆ ತೆಗೆಯಬೇಕು. ಇಲ್ಲದಿದ್ದರೆ ಉಬ್ಬರದ ದಿನದ ಚಿತ್ರವನ್ನು ಇಳಿತದ ದಿನದ ಚಿತ್ರದ ಪಕ್ಕದಲ್ಲಿಟ್ಟು ದಂಡೆಯೇ ಕೊಚ್ಚಿಹೋಯಿತೆಂದು ಹೇಳಿಬಿಡುವ ಅಪಾಯವಿದೆ. ಒಂದು ತೀರದಲ್ಲಿ ಹುಣ್ಣಿಮೆಯ ಇಳಿತ ತಿಂಗಳು ತಿಂಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ನಾನು ಹುಣ್ಣಿಮೆಯ ಆಸುಪಾಸಿಗೆ ರಜೆ ಹೊಂದಿಸಿಕೊಳ್ಳುತ್ತೇನೆ. ಬೆಳಗಿನ ಒಂಬತ್ತರ ನಂತರ ಕಾದ ಮರಳಿನ ಮೇಲಿನ ಝಳದಲ್ಲಿ ದೂರದ ಗೆರೆಗಳೆಲ್ಲ ತೇಲಾಡತೊಡಗುತ್ತವೆ, ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ.

ನಾನು ಎಡವಿದ್ದು ಇಲ್ಲಿಯೇ. ಒಂದು ಏಪ್ರಿಲ್ ಬೆಳಿಗ್ಗೆ, ಮೀನು ಒಣಗಿಸುವ ಹಾಸಿನ ಹಿಂದೆ ಮಣ್ಣು ತೆಗೆಯುವ ಯಂತ್ರವೊಂದು ಕಾಣುವಂತೆ ದೂರದಿಂದ 500 ಮಿ.ಮೀ.ನಲ್ಲಿ ತೆಗೆದೆ. ಯಂತ್ರದ ತೋಳು ಮೀನಿನ ಮೇಲೆಯೇ ಬಾಗಿದಂತೆ ಬಂದಿತ್ತು. ನನಗೆ ಬಹಳ ಹಿಡಿಸಿತು. ಅಲ್ಲಿ ಮೀನು ತಿರುವಿಹಾಕುತ್ತಿದ್ದ ಹಿರಿಯ ಹೆಂಗಸಿಗೆ ಕ್ಯಾಮೆರಾದ ಪರದೆಯನ್ನು ತೋರಿಸಿದೆ. ಅವರು ಒಮ್ಮೆ ಪರದೆಯನ್ನು, ಒಮ್ಮೆ ಯಂತ್ರವನ್ನು ನೋಡಿ, ‘ಅದು ಇಷ್ಟು ಹತ್ತಿರ ಇಲ್ಲವಲ್ಲ ತಮ್ಮಾ’ ಎಂದರು. ಹೆಜ್ಜೆ ಹಾಕಿ ಅಳೆದೆ. ನಡುವೆ ಮುನ್ನೂರು ಮೀಟರಿಗೂ ಹೆಚ್ಚು ಅಂತರವಿತ್ತು. ದೂರದಲ್ಲಿ ನಿಂತು ಇಷ್ಟು ಇಕ್ಕಟ್ಟಾದ ನೋಟವನ್ನು ಕತ್ತರಿಸಿಕೊಂಡಾಗ ಹಿಂದುಮುಂದಿನ ವಸ್ತುಗಳು ಒಂದರ ಮೇಲೊಂದು ಕೂತಂತೆ ಕಾಣುತ್ತವೆ, ಇದು ಉದ್ದ ಲೆನ್ಸುಗಳ ಸ್ವಭಾವ. ಕೊಕ್ಕರೆಯ ಹಿಂದಿನ ಮರ ಹತ್ತಿರ ಬಂದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಊರಿನ ಬದುಕಿನ ಪ್ರಶ್ನೆ ಎದುರಿಗಿರುವಾಗ ಅಂಥ ಚಿತ್ರ ಸುಳ್ಳು ಸಾಕ್ಷಿಯಾಗುತ್ತದೆ. ಮೀನುಗಾರರ ವಾದವನ್ನು ಅಲ್ಲಗಳೆಯಬೇಕೆನ್ನುವವರಿಗೆ ಅದೇ ಒಂದು ನೆಪವೂ ಆಗುತ್ತದೆ. ಆ ಚಿತ್ರವನ್ನು ನಾನು ಯಾರಿಗೂ ಕೊಡಲಿಲ್ಲ. ಅಂದಿನಿಂದ ದಂಡೆಯ ದಾಖಲೆಯನ್ನೆಲ್ಲ 35 ಮಿ.ಮೀ. ಲೆನ್ಸಿನಲ್ಲೇ ತೆಗೆಯುತ್ತೇನೆ. ಉದ್ದ ಲೆನ್ಸ್ ಹೊರಬರುವುದು ಅಳಿವೆಯ ಹಕ್ಕಿಗಳಿಗೆ ಮತ್ತು ಅರಣ್ಯ ಇಲಾಖೆಯವರು ಬಲೆ ಕಟ್ಟಿದ ಆಮೆಯ ಗೂಡನ್ನು ದೂರದಿಂದ ತೆಗೆಯಲಿಕ್ಕೆ ಮಾತ್ರ.

ನಿರ್ವಹಣೆಯ ಬಗ್ಗೆ ಸ್ವಲ್ಪ. ಜೂಮ್ ಮಾಡಿದಾಗ ಲೆನ್ಸಿನ ಕೊಳವೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಆದ್ದರಿಂದ ಉಪ್ಪು, ಮರಳು ಒಳಗೆ ಸೇರದಂತೆ ಕಡಲಿನಿಂದ ಬಂದ ರಾತ್ರಿಯೇ ಅದನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸುತ್ತೇನೆ. 2022ರ ಮಳೆಗಾಲದಲ್ಲಿ ಲೆನ್ಸನ್ನು ಚೀಲದಲ್ಲೇ ಬಿಟ್ಟ ನನ್ನ ಅಜಾಗರೂಕತೆಯಿಂದ ಒಳಗಾಜಿಗೆ ಬೂಷ್ಟು ಹಿಡಿದು, ನಗರದ ಒಂದು ರಿಪೇರಿ ಅಂಗಡಿಯಲ್ಲಿ ಏಳು ವಾರ ಕೂರಬೇಕಾಯಿತು. ಈಗ ತೇವ ತಾಗದ ಡ್ರೈ ಬಾಕ್ಸಿನಲ್ಲಿಡುತ್ತೇನೆ. ಫಿಲ್ಟರಿನ ಅಳತೆ 95 ಮಿ.ಮೀ. ಆದ್ದರಿಂದ ಒಳ್ಳೆಯದು ಬೇಕೆಂದರೆ ಅದಕ್ಕೂ ಸ್ವಲ್ಪ ಹಣ ತೆಗೆದಿಡಿ.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಇರುವವರು 2023ರಲ್ಲಿ ಬಂದ ಝಡ್ 180-600 ಲೆನ್ಸನ್ನೂ ನೋಡಬೇಕು. ಅದರ ಕೊಳವೆ ಚಾಚುವುದಿಲ್ಲ, ತೂಕವೂ ಸ್ವಲ್ಪ ಕಡಿಮೆ. ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಕ್ಯಾಮೆರಾ) ಬಳಸುವವರಿಗೆ, ಅದರಲ್ಲೂ ನದಿಯ ಹಕ್ಕಿಗಳೇ ಮುಖ್ಯವೆನ್ನುವವರಿಗೆ, 200-500ನ್ನೇ ಹೇಳುತ್ತೇನೆ. ಆದರೆ ಕೊಳ್ಳುವ ಮೊದಲು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಪಡೆದು, ಜಕ್ಕೂರು ಕೆರೆಯ ಏರಿಯ ಮೇಲೆ ಎರಡು ಗಂಟೆ ಕೈಯಲ್ಲಿ ಹಿಡಿದುಕೊಂಡೇ ನಡೆದುನೋಡಿ. ಮೂರು ಕಿಲೋ ಭಾರ ತಿಳಿಯುವುದು ಮೊದಲ ಗಂಟೆಯಲ್ಲಲ್ಲ, ಎರಡನೆಯದರಲ್ಲಿ.