ಹೊಸ ಡೇಟಾಬೇಸ್ ಸರ್ವರ್ ಕನೆಕ್ಟ್ ಆಗದಿದ್ದಾಗ: ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ ಹೋಲಿಕೆ

ಡೇಟಾಬೇಸ್ ಆರಿಸುವಾಗ ಎಲ್ಲರೂ ವೇಗ ನೋಡುತ್ತಾರೆ, ಫೀಚರ್ ನೋಡುತ್ತಾರೆ. ಹೊಸದಾಗಿ ಹಾಕಿದ ಸರ್ವರ್ ನಿಮ್ಮನ್ನು ಒಳಗೆ ಬಿಡದಿದ್ದಾಗ ಯಾಕೆ ಬಿಡಲಿಲ್ಲ ಅಂತ ಎಷ್ಟು ಸರಿಯಾಗಿ ಹೇಳುತ್ತದೆ ಎಂಬುದನ್ನೂ ನೋಡಬೇಕು ಅನ್ನುವುದು ನನ್ನ ವಾದ. ಹೊಸಬರ ಹೊತ್ತು ಜಾಸ್ತಿ ಹೋಗುವುದು ಅಲ್ಲೇ. ಇನ್‌ಸ್ಟಾಲ್ ಮಾಡಲು ಒಂದು ಕಮಾಂಡ್ ಸಾಕು. ಆಮೇಲೆ ಕನೆಕ್ಟ್ ಆಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

ಅದಕ್ಕೇ ಮೂರು ಡೇಟಾಬೇಸ್‌ಗಳನ್ನೂ ಒಂದೇ ತರಹದ ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಸರ್ವರ್ ಮೇಲೆ ಹಾಕಿ ನೋಡಿದೆ. ಎಲ್ಲವೂ ಉಬುಂಟು ಜೊತೆಗೇ ಬರುವ ಪ್ಯಾಕೇಜ್‌ಗಳು: ಪೋಸ್ಟ್‌ಗ್ರೆಸ್ 16, ಮೈಎಸ್‌ಕ್ಯೂಎಲ್ 8.0, ಮರಿಯಾಡಿಬಿ 10.11. ಒಂದೊಂದನ್ನೂ ಬೇಕಂತಲೇ ಕೆಡಿಸಿದೆ. ಸರ್ವಿಸ್ ನಿಲ್ಲಿಸಿದೆ, ತಪ್ಪು ಪಾಸ್‌ವರ್ಡ್ ಕೊಟ್ಟೆ, ಫೈರ್‌ವಾಲ್ ಮುಚ್ಚಿದೆ, ಬೇರೆ ಮೆಷಿನ್‌ನಿಂದ ಕನೆಕ್ಟ್ ಮಾಡಲು ನೋಡಿದೆ. ಪ್ರತಿ ಸಲ ಸ್ಕ್ರೀನ್ ಮೇಲೆ ಏನು ಬಂತು, ಲಾಗ್‌ನಲ್ಲಿ ಏನು ಬಂತು ಅಂತ ಬರೆದುಕೊಂಡೆ.

ರಿಫ್ಯೂಸ್ಡ್ ಬೇರೆ, ಟೈಮ್ಡ್ ಔಟ್ ಬೇರೆ

ಇದು ಮೂರಕ್ಕೂ ಒಂದೇ. 'ಕನೆಕ್ಷನ್ ರಿಫ್ಯೂಸ್ಡ್' ಅಂತ ತಕ್ಷಣ ಬಂದರೆ ನಿಮ್ಮ ಮಾತು ಮೆಷಿನ್‌ವರೆಗೆ ತಲುಪಿದೆ, ಆ ಪೋರ್ಟ್‌ನಲ್ಲಿ (ಡೇಟಾಬೇಸ್ ಕಾಯುವ, ನಂಬರ್ ಇರುವ ಬಾಗಿಲು) ಯಾರೂ ಕೇಳುತ್ತಿಲ್ಲ. ಸರ್ವಿಸ್ ನಿಂತಿರಬಹುದು, ಪೋರ್ಟ್ ನಂಬರ್ ಬೇರೆ ಇರಬಹುದು, ಅಥವಾ ಸರ್ವರ್ ತನ್ನೊಳಗಿನ ಕನೆಕ್ಷನ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತಿರಬಹುದು. ತುಂಬಾ ಹೊತ್ತು ಸುಮ್ನೆ ಕಾಯಿಸಿ ಕೊನೆಗೆ 'ಟೈಮ್ಡ್ ಔಟ್' ಅಂದರೆ ಹೆಚ್ಚಿನಂಶ ಮಧ್ಯದಲ್ಲಿ ಫೈರ್‌ವಾಲ್ ಪ್ಯಾಕೆಟ್ ಎಸೆಯುತ್ತಿದೆ. ಕ್ಲೌಡ್ ಸರ್ವರ್ ಆದರೆ ಮೊದಲು ಸೆಕ್ಯುರಿಟಿ ಗ್ರೂಪ್ (ಕ್ಲೌಡ್‌ನವರ ಫೈರ್‌ವಾಲ್) ನೋಡಿ. ಇಷ್ಟು ಗೊತ್ತಾಗದೆ ಪಾಸ್‌ವರ್ಡ್ ಬದಲಿಸುತ್ತಾ ಕೂರುವವರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ. ಪಾಸ್‌ವರ್ಡ್ ಇನ್ನೂ ಸರ್ವರ್ ಹತ್ತಿರಕ್ಕೇ ಹೋಗಿರುವುದಿಲ್ಲ. ಪಿಂಗ್ ಮಾಡಿದರೂ ಉಪಯೋಗವಿಲ್ಲ. ಪಿಂಗ್‌ಗೆ ಉತ್ತರ ಬಂದರೆ ಮೆಷಿನ್ ಇದೆ ಅಂತ ಮಾತ್ರ ಅರ್ಥ, ಪೋರ್ಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ನೆಟ್‌ಕ್ಯಾಟ್ ಎಂಬ ಕಮಾಂಡ್‌ನಿಂದ ಆ ಪೋರ್ಟನ್ನೇ ಮುಟ್ಟಿ ನೋಡಿ. ಪೋಸ್ಟ್‌ಗ್ರೆಸ್‌ಗೆ 5432, ಉಳಿದ ಎರಡಕ್ಕೂ 3306.

ಈ ಎರಡರ ವ್ಯತ್ಯಾಸವನ್ನು ಯಾರು ಚೆನ್ನಾಗಿ ಹೇಳುತ್ತಾರೆ? ಪೋಸ್ಟ್‌ಗ್ರೆಸ್‌ನ ಕ್ಲೈಂಟ್ (ಕನೆಕ್ಟ್ ಮಾಡುವ ಪ್ರೋಗ್ರಾಮ್) ಮಾತಿನಲ್ಲೇ ಹೇಳಿ, ಸರ್ವರ್ ಓಡುತ್ತಿದೆಯಾ, ಟಿಸಿಪಿ ಕನೆಕ್ಷನ್ ತೆಗೆದುಕೊಳ್ಳುತ್ತಿದೆಯಾ ಅಂತ ಕೇಳುತ್ತದೆ. ಮೈಎಸ್‌ಕ್ಯೂಎಲ್ 2003 ಎಂಬ ಎರರ್ ಕೊಟ್ಟು ಕೊನೆಯಲ್ಲಿ ಬ್ರಾಕೆಟ್ ಒಳಗೆ ಒಂದು ನಂಬರ್ ಇಡುತ್ತದೆ. ಲಿನಕ್ಸ್‌ನಲ್ಲಿ 111 ಅಂದರೆ ರಿಫ್ಯೂಸ್ಡ್, 110 ಅಂದರೆ ಟೈಮ್ಡ್ ಔಟ್, 113 ಅಂದರೆ ದಾರಿಯೇ ಇಲ್ಲ. ವಿಂಡೋಸ್‌ನಿಂದ ಕನೆಕ್ಟ್ ಮಾಡಿದರೆ ಮೊದಲೆರಡು 10061 ಮತ್ತು 10060 ಆಗುತ್ತವೆ. ಗೊತ್ತಿದ್ದವರಿಗೆ ಸಾಕು, ಹೊಸಬರಿಗೆ ಅದೊಂದು ಅಂಕಿ ಅಷ್ಟೆ. ಮರಿಯಾಡಿಬಿ ಇಲ್ಲಿ ಹಿಂದೆ. ಅದರ ಕ್ಲೈಂಟ್ ಎಷ್ಟೋ ಸಲ 115 ಅನ್ನುತ್ತದೆ. ಆ ನಂಬರ್‌ಗೆ 'ಕೆಲಸ ಇನ್ನೂ ನಡೆಯುತ್ತಿದೆ' ಅಂತ ಅರ್ಥ. ಕನೆಕ್ಷನ್ ಸತ್ತಿರುವಾಗ ಅದನ್ನು ಓದಿ ಏನು ಮಾಡುವುದು?

ಮುಂದಿನ ಹೆಜ್ಜೆ ಸರ್ವರ್ ಮೇಲೆ ಎಸ್‌ಎಸ್ (ss) ಕಮಾಂಡ್, ಯಾವ ಪೋರ್ಟ್ ತೆರೆದಿದೆ ಅಂತ ತೋರಿಸುತ್ತದೆ. ಪೋರ್ಟ್ ಮುಂದೆ 127.0.0.1 (ಆ ಮೆಷಿನ್ ತನಗೆ ತಾನೇ ಕೊಟ್ಟುಕೊಂಡ ವಿಳಾಸ) ಅಂತಿದ್ದರೆ ಹೊರಗಿನವರಿಗೆ ಅವಕಾಶ ಇಲ್ಲ. ಉಬುಂಟು ಪ್ಯಾಕೇಜ್‌ನಲ್ಲಿ ಮೂರೂ ಹೀಗೇ ಶುರುವಾಗುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಬದಲಿಸಬೇಕಾದ್ದು ಲಿಸನ್ ಅಡ್ರೆಸಸ್, ಉಳಿದೆರಡರಲ್ಲಿ ಬೈಂಡ್ ಅಡ್ರೆಸ್. ಬದಲಿಸಿದ ಮೇಲೆ ರೀಲೋಡ್ ಸಾಲದು, ರೀಸ್ಟಾರ್ಟ್ ಮಾಡಲೇಬೇಕು.

ಪೋಸ್ಟ್‌ಗ್ರೆಸ್‌ಗೆ ಮಾತ್ರ ಸೇರಿದ ಎರಡು ಗೊಂದಲ ಇವೆ, ಅವನ್ನೂ ಹೇಳಬೇಕು. ಉಬುಂಟುನಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸ್‌ನ ಸ್ಥಿತಿ ಕೇಳಿದರೆ 'ಆಕ್ಟಿವ್, ಎಕ್ಸಿಟೆಡ್' ಅಂತ ಬರುತ್ತದೆ. ಹಸಿರು ಬಣ್ಣ ನೋಡಿ ಓಡುತ್ತಿದೆ ಅಂದುಕೊಳ್ಳಬೇಡಿ. ಅದು ಬರೀ ಮೇಲಿನ ಹೆಸರು. ನಿಜವಾದ ಸರ್ವರ್ ವರ್ಷನ್ ನಂಬರ್ ಸೇರಿದ ಬೇರೆ ಹೆಸರಿನಲ್ಲಿ ಓಡುತ್ತದೆ. ಇನ್ನೊಂದು, ಹಳೆಯ ವರ್ಷನ್ ಇರುವ ಮೆಷಿನ್ ಮೇಲೆ ಹೊಸದನ್ನು ಹಾಕಿದರೆ ಹೊಸದು ಸದ್ದಿಲ್ಲದೆ 5433ಕ್ಕೆ ಹೋಗಿ ಕೂರುತ್ತದೆ. ನೀವು ಹಳೆಯದಕ್ಕೆ ಕನೆಕ್ಟ್ ಆಗಿ, ಮಾಡಿದ ಯೂಸರ್ ಎಲ್ಲಿ ಹೋದ ಅಂತ ಹುಡುಕುತ್ತಿರುತ್ತೀರಿ. ಎರಡಕ್ಕೂ ಒಂದೇ ಪರಿಹಾರ: ಪಿಜಿ ಎಲ್‌ಎಸ್ ಕ್ಲಸ್ಟರ್ಸ್ (pg_lsclusters) ಕಮಾಂಡ್. ವರ್ಷನ್, ಪೋರ್ಟ್, ಸ್ಥಿತಿ, ಲಾಗ್ ಫೈಲ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ.

ಅದೇ ಮೆಷಿನ್ ಮೇಲೆ ಕೂತೂ ಲಾಗಿನ್ ಆಗದಿದ್ದರೆ

ಇಲ್ಲಿ ಮೂರೂ ಒಂದೇ ದಾರಿ ಹಿಡಿದಿವೆ. ಮುಖ್ಯ ಯೂಸರ್‌ಗೆ ಪಾಸ್‌ವರ್ಡ್ ಇಲ್ಲ, ಲಿನಕ್ಸ್‌ನಲ್ಲಿ ನೀವು ಯಾರೋ ಅದನ್ನೇ ನೋಡಿ ಒಳಗೆ ಬಿಡುತ್ತವೆ. ಪೋಸ್ಟ್‌ಗ್ರೆಸ್ ಇದನ್ನು ಪೀರ್ ಅನ್ನುತ್ತದೆ, ಎರರ್‌ನಲ್ಲೂ 'ಪೀರ್ ಅಥೆಂಟಿಕೇಶನ್ ಫೇಲ್ಡ್' ಅಂತ ಕಾರಣವನ್ನೇ ಬರೆಯುತ್ತದೆ. ಸೂಡೋ (ಬೇರೆ ಯೂಸರ್‌ನ ಹಕ್ಕಿನಿಂದ ಓಡಿಸುವ ಲಿನಕ್ಸ್ ಕಮಾಂಡ್) ಹಾಕಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಓಡಿಸಿದರೆ ಮುಗಿಯಿತು. ಮೈಎಸ್‌ಕ್ಯೂಎಲ್ ಬರೀ 1698, 'ಆಕ್ಸೆಸ್ ಡಿನೈಡ್' ಅನ್ನುತ್ತದೆ. ಪಾಸ್‌ವರ್ಡ್ ತಪ್ಪೋ, ಪಾಸ್‌ವರ್ಡೇ ಬೇಡವಾಗಿತ್ತೋ ಗೊತ್ತಾಗುವುದಿಲ್ಲ. ಹಾಗಾಗಿ ಜನ ರೂಟ್ ಪಾಸ್‌ವರ್ಡ್ ರೀಸೆಟ್ ಮಾಡುವ ದೊಡ್ಡ ಸಾಹಸಕ್ಕೆ ಇಳಿಯುತ್ತಾರೆ. ಬೇಕಾಗಿದ್ದುದು ಸೂಡೋ ಒಂದೇ.

ಮೈಎಸ್‌ಕ್ಯೂಎಲ್‌ನ ಇನ್ನೊಂದು ಗುಣ ಕೂಡಲೇ ಕಲಿತುಬಿಡಿ. ಲಿನಕ್ಸ್‌ನಲ್ಲಿ ಅದಕ್ಕೆ 'ಲೋಕಲ್‌ಹೋಸ್ಟ್' ಅಂದರೆ ನೆಟ್‌ವರ್ಕ್ ಇಲ್ಲವೇ ಇಲ್ಲ, ಸಾಕೆಟ್ ಫೈಲ್ (ಅದೇ ಮೆಷಿನ್‌ನ ಪ್ರೋಗ್ರಾಮ್‌ಗಳು ಮಾತಾಡುವ ವಿಶೇಷ ಫೈಲ್). 127.0.0.1 ಅಂದರೆ ಮಾತ್ರ ನೆಟ್‌ವರ್ಕ್. ಹಾಗಾಗಿ ಒಂದರಲ್ಲಿ ಆಗುವುದು ಇನ್ನೊಂದರಲ್ಲಿ ಆಗದೆ ಇರಬಹುದು. 2002 ಎರರ್‌ನಲ್ಲಿ ಸಾಕೆಟ್ ಹೆಸರು ಕಂಡರೆ ಪೋರ್ಟ್, ಫೈರ್‌ವಾಲ್ ಯಾವುದನ್ನೂ ಮುಟ್ಟಬೇಡಿ. ಅವಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೇರೆ ಮೆಷಿನ್‌ನಿಂದ ಬಂದಾಗ

ನಿಜವಾದ ಹೋಲಿಕೆ ಇಲ್ಲಿದೆ. ಯಾರು ಎಲ್ಲಿಂದ ಬರಬಹುದು ಎಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಒಂದು ಫೈಲ್‌ನಲ್ಲಿ ಇಡುತ್ತದೆ, ಹೆಸರು ಪಿಜಿ ಎಚ್‌ಬಿಎ. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಯೂಸರ್ ಹೆಸರಿಗೇ ಅಂಟಿಸುತ್ತವೆ.

ಪೋಸ್ಟ್‌ಗ್ರೆಸ್‌ನ ಫೈಲ್ ನೋಡಿ ಹೆದರುವವರು ಜಾಸ್ತಿ. ನನಗೆ ಅದು ಇಷ್ಟ. ಕನೆಕ್ಷನ್ ಬಗೆ, ಡೇಟಾಬೇಸ್, ಯೂಸರ್, ವಿಳಾಸ, ಪರೀಕ್ಷಿಸುವ ವಿಧಾನ, ಎಲ್ಲ ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಹೊಂದುವ ಸಾಲು ಇಲ್ಲದಿದ್ದರೆ ಎರರ್ ಅದನ್ನೇ ಹೇಳುತ್ತದೆ: ಈ ವಿಳಾಸದಿಂದ, ಈ ಯೂಸರ್, ಈ ಡೇಟಾಬೇಸ್‌ಗೆ ಪಿಜಿ ಎಚ್‌ಬಿಎಯಲ್ಲಿ ಎಂಟ್ರಿ ಇಲ್ಲ, ಎನ್‌ಕ್ರಿಪ್ಶನ್ ಇತ್ತೋ ಇಲ್ಲವೋ ಅಂತಲೂ ಸೇರಿಸಿ. ಆ ಎರರ್ ಓದಿಕೊಂಡೇ ಬೇಕಾದ ಸಾಲನ್ನು ಬರೆದುಬಿಡಬಹುದು. ಅದೇ ಎರರ್ ಎರಡು ಸಲ ಬಂದರೆ ಗಾಬರಿ ಬೇಡ. ಕ್ಲೈಂಟ್ ಒಮ್ಮೆ ಎನ್‌ಕ್ರಿಪ್ಶನ್ ಹಾಕಿ, ಒಮ್ಮೆ ಹಾಕದೆ ಪ್ರಯತ್ನಿಸಿದೆ ಅಷ್ಟೆ.

ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಮೇಲಿನಿಂದ ಕೆಳಗೆ ಓದುತ್ತಾ ಮೊದಲು ಹೊಂದಿದ ಸಾಲಿನಲ್ಲೇ ಅದು ನಿಲ್ಲುತ್ತದೆ. ಅಲ್ಲಿ ಪಾಸ್‌ವರ್ಡ್ ಹೊಂದದಿದ್ದರೆ ಮುಂದಿನ ಸಾಲಿಗೆ ಹೋಗುವುದಿಲ್ಲ. ನೀವು ಕೊನೆಯಲ್ಲಿ ಸೇರಿಸಿದ ಸಾಲನ್ನು ಅದು ನೋಡಿಯೇ ಇರುವುದಿಲ್ಲ. ಇದನ್ನು ಹಿಡಿಯಲು ಸರ್ವರ್‌ನ ಲಾಗ್ ಓದಿ. ಪಾಸ್‌ವರ್ಡ್ ತಪ್ಪಾದಾಗ ಯಾವ ಫೈಲ್‌ನ ಎಷ್ಟನೇ ಸಾಲು ಹೊಂದಿತು ಅಂತ ಅಲ್ಲಿ ಬರೆದಿರುತ್ತದೆ. ಯೂಸರ್ ಇಲ್ಲವೇ ಇಲ್ಲ ಅನ್ನುವುದನ್ನೂ ಲಾಗ್‌ನಲ್ಲೇ ಹೇಳುತ್ತದೆ. ಹೊರಗಿನವರಿಗೆ ಅದು ಗೊತ್ತಾಗಬಾರದು, ನಡೆಸುವವರಿಗೆ ಗೊತ್ತಾಗಬೇಕು, ಅಲ್ವಾ? ಇಷ್ಟು ವಿಚಾರ ಮಾಡಿ ಬರೆದ ಲಾಗ್ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಈ ಫೈಲ್ ಬದಲಿಸಿದರೆ ರೀಲೋಡ್ ಸಾಕು. ಬರೆಯುವುದರಲ್ಲಿ ತಪ್ಪಿದ್ದರೆ ಓಡುತ್ತಿರುವ ಸರ್ವರ್ ಹಳೆಯ ನಿಯಮವನ್ನೇ ಇಟ್ಟುಕೊಳ್ಳುತ್ತದೆ. ಪಿಜಿ ಎಚ್‌ಬಿಎ ಫೈಲ್ ರೂಲ್ಸ್ ಎಂಬ ವ್ಯೂ ಕೇಳಿದರೆ ಯಾವ ಸಾಲಿನಲ್ಲಿ ತಪ್ಪು ಅಂತ ತೋರಿಸುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಲೋಕಲ್‌ಹೋಸ್ಟ್‌ನಿಂದ ಬರುವ 'ಆಪ್' ಬೇರೆ ಯೂಸರ್, ಎಲ್ಲಿಂದಾದರೂ ಬರಬಹುದಾದ, ಪರ್ಸೆಂಟ್ ಗುರುತಿನ 'ಆಪ್' ಬೇರೆ ಯೂಸರ್. ಪಾಸ್‌ವರ್ಡ್ ಬೇರೆ, ಹಕ್ಕುಗಳೂ ಬೇರೆ. ಇದು ತಲೆಗೆ ಹೋದರೆ ಮೈಎಸ್‌ಕ್ಯೂಎಲ್‌ನ ಅರ್ಧ ಕಷ್ಟ ಮುಗಿಯುತ್ತದೆ. ಆ ವಿಳಾಸಕ್ಕೆ ಯಾವ ಯೂಸರೂ ಹೊಂದದಿದ್ದರೆ 1130 ಬರುತ್ತದೆ, ಅದು ಸ್ಪಷ್ಟ. 1045, ಅಂದರೆ ಪಾಸ್‌ವರ್ಡ್ ಯೂಸರ್‌ನ 'ಆಕ್ಸೆಸ್ ಡಿನೈಡ್', ಬಂದರೂ ಅದರಲ್ಲಿ ಒಂದು ಒಳ್ಳೆಯ ಸುಳಿವಿದೆ: ಸರ್ವರ್ ಕಣ್ಣಿಗೆ ನೀವು ಯಾವ ವಿಳಾಸದಿಂದ ಬಂದಿರಿ ಅನ್ನುವುದು ಆ ಸಾಲಿನಲ್ಲೇ ಇರುತ್ತದೆ. ನೀವು ಅಂದುಕೊಂಡ ಐಪಿ ಬೇರೆ, ಅಲ್ಲಿ ಕಂಡ ಐಪಿ ಬೇರೆ ಆಗಿದ್ದರೆ ಉತ್ತರ ಸಿಕ್ಕಂತೆ. ಲಾಗ್ ಮಾತ್ರ ಸುಮ್ಮನಿರುತ್ತದೆ. ಲಾಗ್ ಎರರ್ ವರ್ಬಾಸಿಟಿ ಮೊದಲಿಗೆ 2 ಇರುತ್ತದೆ, ಅದನ್ನು 3 ಮಾಡಿದ ಮೇಲೇ ತಿರಸ್ಕರಿಸಿದ ಲಾಗಿನ್‌ಗಳು ಕಾಣುತ್ತವೆ. ಹೊಸ ಸರ್ವರ್ ಹಾಕಿದ ದಿನವೇ ಇದನ್ನು ಮಾಡಿಬಿಡಿ.

ವೇಗವಾಗಿ ಸರಿಪಡಿಸುವುದರಲ್ಲಿ ಮೈಎಸ್‌ಕ್ಯೂಎಲ್‌ಗೇ ಅಂಕ. ಫೈಲ್ ಇಲ್ಲ, ರೀಲೋಡ್ ಇಲ್ಲ. ಯೂಸರ್ ಮಾಡಿ, ಹಕ್ಕು ಕೊಡಿ, ಅದೇ ಕ್ಷಣ ಕೆಲಸ ಮಾಡುತ್ತದೆ. ಫ್ಲಷ್ ಪ್ರಿವಿಲೆಜಸ್ (ಹಕ್ಕುಗಳನ್ನು ಮತ್ತೆ ಓದಿಸುವ ಕಮಾಂಡ್) ಕೂಡ ಬೇಕಿಲ್ಲ. ಆದರೆ ಹಳೆಯ ಪಾಠಗಳಲ್ಲಿ ಗ್ರ್ಯಾಂಟ್ ಕಮಾಂಡ್‌ನಲ್ಲೇ ಪಾಸ್‌ವರ್ಡ್ ಕೊಟ್ಟು ಯೂಸರ್ ಹುಟ್ಟಿಸುವುದು ಇದೆಯಲ್ಲ, ಅದು 8.0ರಲ್ಲಿ ನಡೆಯುವುದಿಲ್ಲ. ಮರಿಯಾಡಿಬಿಯಲ್ಲಿ ಇನ್ನೂ ನಡೆಯುತ್ತದೆ.

ಪಾಸ್‌ವರ್ಡ್ ಸರಿ, ಆದರೂ ಬಿಡುತ್ತಿಲ್ಲ

ಕನೆಕ್ಷನ್ ಯುಆರ್‌ಎಲ್ ಬಳಸುತ್ತಿದ್ದರೆ ಪಾಸ್‌ವರ್ಡ್‌ನಲ್ಲಿ @ ಇದೆಯಾ ನೋಡಿ. ಅದನ್ನು %40 ಅಂತ ಬರೆಯಬೇಕು. ಇಲ್ಲದಿದ್ದರೆ ಯುಆರ್‌ಎಲ್ ಅಲ್ಲೇ ಮುರಿಯಬಹುದು.

ಅದೂ ಸರಿಯಿದ್ದರೆ ಕ್ಲೈಂಟ್ ಹಳೆಯದಿರಬಹುದು. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಉಳಿಸುವ ವಿಧಾನ ಸ್ಕ್ರ್ಯಾಮ್. ಪೋಸ್ಟ್‌ಗ್ರೆಸ್ 10ಕ್ಕಿಂತ ಹಳೆಯ ಕ್ಲೈಂಟ್ ಲೈಬ್ರರಿಗಳಿಗೆ ಅದು ಬರುವುದಿಲ್ಲ, ಹಾಗಂತ ನೇರವಾಗಿ ಎರರ್ ಕೊಡುತ್ತವೆ. ಲೈಬ್ರರಿ ಹೊಸದು ಮಾಡಿದರೆ ಮುಗಿಯಿತು.

ಮೈಎಸ್‌ಕ್ಯೂಎಲ್ 8.0 ಬಂದಾಗ, 2018ರಲ್ಲಿ, ಪಾಸ್‌ವರ್ಡ್ ವಿಧಾನ ಕ್ಯಾಶಿಂಗ್ ಶಾ2 ಆಯಿತು. ಮೂರರಲ್ಲೂ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದು ಇದೇ. ನೋಡ್ ಜೆಎಸ್‌ನ ಹಳೆಯ ಮೈಎಸ್‌ಕ್ಯೂಎಲ್ ಪ್ಯಾಕೇಜ್‌ಗೆ ಇದು ಗೊತ್ತೇ ಇಲ್ಲ, ಮೈಎಸ್‌ಕ್ಯೂಎಲ್2 ಪ್ಯಾಕೇಜ್‌ಗೆ ಗೊತ್ತು. ಪಿಎಚ್‌ಪಿಯಾದರೆ 7.4 ಅಥವಾ ಅದಕ್ಕಿಂತ ಹೊಸದು ಬೇಕು. ಜಾವಾ ಡ್ರೈವರ್ 'ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್' ಅನ್ನುತ್ತದೆ. ಇದರಲ್ಲಿ ಒಂದು ವಿಚಿತ್ರವಿದೆ. ಎನ್‌ಕ್ರಿಪ್ಶನ್ ಇಲ್ಲದ ಕನೆಕ್ಷನ್‌ಗೆ ಮೊದಲ ಲಾಗಿನ್ ಮಾತ್ರ ಕಷ್ಟ. ಅದೇ ಯೂಸರ್ ಬೇರೆ ಕಡೆಯಿಂದ ಒಮ್ಮೆ ಸುರಕ್ಷಿತವಾಗಿ ಒಳಗೆ ಬಂದರೆ ಸರ್ವರ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಆ ಕನೆಕ್ಷನ್ ಕೂಡ ಸಲೀಸಾಗಿ ಆಗುತ್ತದೆ. ಸರ್ವರ್ ರೀಸ್ಟಾರ್ಟ್ ಆದರೆ ಆ ನೆನಪು ಹೋಗುತ್ತದೆ. ನಿನ್ನೆ ಆಗುತ್ತಿತ್ತು, ಇವತ್ತು ಆಗುತ್ತಿಲ್ಲ, ನಾನು ಏನೂ ಬದಲಿಸಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಸರಿಯಾದ ಪರಿಹಾರ ಎನ್‌ಕ್ರಿಪ್ಶನ್ ಆನ್ ಮಾಡುವುದು. ಹಳೆಯ ನೇಟಿವ್ ಪಾಸ್‌ವರ್ಡ್‌ಗೆ ಹಿಂತಿರುಗುವುದು ಬೇಡ. ಅದು 8.4ರಲ್ಲಿ ಮೊದಲಿಗೇ ಆಫ್ ಆಗಿರುತ್ತದೆ, 9.0ರಲ್ಲಿ ತೆಗೆದೇ ಹಾಕಿದ್ದಾರೆ.

ಮರಿಯಾಡಿಬಿಗೆ ಈ ತಲೆನೋವು ಇಲ್ಲ. ಹಳೆಯ ವಿಧಾನವೇ ಅದರ ಡೀಫಾಲ್ಟ್, ಹಾಗಾಗಿ ಹಳೆಯ ಸಾಫ್ಟ್‌ವೇರ್‌ಗಳೆಲ್ಲ ಸುಲಭವಾಗಿ ಕನೆಕ್ಟ್ ಆಗುತ್ತವೆ. ಹಳೆಯ ಪಿಎಚ್‌ಪಿ ಅಪ್ಲಿಕೇಶನ್ ಓಡಿಸಬೇಕಾದವರಿಗೆ ನಾನು ಹೇಳುವುದು ಮರಿಯಾಡಿಬಿ. ಹೊಸದಾಗಿ ಶುರು ಮಾಡುವವರಿಗೆ, ಅದರಲ್ಲೂ ಒಬ್ಬರೇ ಕೂತು ಕಲಿಯುವವರಿಗೆ, ಪೋಸ್ಟ್‌ಗ್ರೆಸ್. ಪಕ್ಕದಲ್ಲಿ ಕೇಳಲು ಯಾರೂ ಇಲ್ಲದಾಗ ಎರರ್ ಸಾಲೇ ಗುರು.

ಪೋರ್ಟ್ ತೆರೆಯುವುದಾ, ಟನಲ್ ಹಾಕುವುದಾ?

ಮನೆಯಿಂದ ಕ್ಲೌಡ್ ಸರ್ವರ್‌ಗೆ ಕನೆಕ್ಟ್ ಮಾಡಲು ಎರಡೂ ದಾರಿ ನೋಡಿದೆ. ಪೋರ್ಟ್ ತೆರೆದು ನನ್ನ ಮನೆ ಐಪಿಗೆ ಮಾತ್ರ ಅನುಮತಿ ಕೊಟ್ಟರೆ, ಬ್ರಾಡ್‌ಬ್ಯಾಂಡ್‌ನವರು ಐಪಿ ಬದಲಿಸಿದ ಕೂಡಲೇ ಟೈಮ್ಡ್ ಔಟ್. ಬೇಸತ್ತು ಇಡೀ ಲೋಕಕ್ಕೆ ತೆರೆದಿಟ್ಟರೆ ಕಂಡವರೆಲ್ಲ ಪಾಸ್‌ವರ್ಡ್ ಊಹಿಸಲು ಬರುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಡಾಕರ್ ಬಳಸುವವರಿಗೆ ಒಂದು ಮಾತು: ಡಾಕರ್‌ನಲ್ಲಿ ಪೋರ್ಟ್ ಪಬ್ಲಿಷ್ ಮಾಡಿದರೆ ಯುಎಫ್‌ಡಬ್ಲ್ಯು (ಉಬುಂಟುವಿನ ಫೈರ್‌ವಾಲ್) ಮುಚ್ಚಿದ್ದರೂ ಅದು ಹೊರಗೆ ತೆರೆದಿರುತ್ತದೆ.

ಎಸ್‌ಎಸ್‌ಎಚ್ ಟನಲ್ ಅಂದರೆ ಸರ್ವರ್‌ಗೆ ಲಾಗಿನ್ ಆಗುವ ಸುರಕ್ಷಿತ ಕನೆಕ್ಷನ್ ಒಳಗೇ ಡೇಟಾಬೇಸ್ ಕನೆಕ್ಷನ್ ಹಾಯಿಸುವುದು, ಅದರಲ್ಲಿ ಇದ್ಯಾವುದೂ ಇಲ್ಲ. ಸರ್ವರ್‌ನ ಸೆಟ್ಟಿಂಗ್ ಒಂದನ್ನೂ ಬದಲಿಸಬೇಕಿಲ್ಲ. ಟನಲ್ ಒಳಗಿಂದ ಬಂದ ಕನೆಕ್ಷನ್ ಸರ್ವರ್ ಕಣ್ಣಿಗೆ 127.0.0.1ರಿಂದ ಬಂದಂತೆ. ಪೋಸ್ಟ್‌ಗ್ರೆಸ್‌ನ ಪಿಜಿ ಎಚ್‌ಬಿಎಯಲ್ಲಿ ಅದಕ್ಕೆ ಮೊದಲೇ ಸಾಲಿದೆ. ಮೈಎಸ್‌ಕ್ಯೂಎಲ್ ಆ ವಿಳಾಸವನ್ನು ಲೋಕಲ್‌ಹೋಸ್ಟ್ ಅಂತ ಗುರುತಿಸುತ್ತದೆ, ಹಾಗಾಗಿ ಲೋಕಲ್‌ಹೋಸ್ಟ್‌ನ ಯೂಸರೇ ಸಾಕು. ಸ್ಕಿಪ್ ನೇಮ್ ರಿಸಾಲ್ವ್ (ಐಪಿಯನ್ನು ಹೆಸರಿಗೆ ತಿರುಗಿಸಬೇಡ ಅನ್ನುವ ಸೆಟ್ಟಿಂಗ್) ಆನ್ ಇದ್ದರೆ ಮಾತ್ರ 127.0.0.1ಕ್ಕೆ ಇನ್ನೊಬ್ಬ ಯೂಸರ್ ಮಾಡಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಒಂದು ಡೇಟಾಬೇಸ್ ಓಡುತ್ತಿದ್ದರೆ ಟನಲ್‌ಗೆ ಬೇರೆ ಪೋರ್ಟ್ ಕೊಡಿ, 5433 ಅಥವಾ 3307. ಲಿನಕ್ಸ್ ಅಥವಾ ಮ್ಯಾಕ್‌ನಿಂದ ಮೈಎಸ್‌ಕ್ಯೂಎಲ್ ಕ್ಲೈಂಟ್ ಬಳಸುವಾಗ ಹೋಸ್ಟ್ ಜಾಗದಲ್ಲಿ 127.0.0.1 ಅಂತಲೇ ಬರೆಯಿರಿ. ಲೋಕಲ್‌ಹೋಸ್ಟ್ ಅಂತ ಬರೆದರೆ ಟನಲ್ ಬಿಟ್ಟು ನಿಮ್ಮದೇ ಲ್ಯಾಪ್‌ಟಾಪ್‌ನ ಸಾಕೆಟ್ ಹುಡುಕಿಕೊಂಡು ಹೋಗುತ್ತದೆ.