ಹೊಸ ಟ್ರ್ಯಾಕ್ಟರೋ, ಸೆಕೆಂಡ್ ಹ್ಯಾಂಡೋ? ಎರಡನ್ನೂ ಓಡಿಸಿ ನೋಡಿದ ಲೆಕ್ಕ

ಒಂದೇ ತಾಕತ್ತಿನ ಎರಡು ಟ್ರ್ಯಾಕ್ಟರ್‌ಗಳನ್ನು ಒಂದೇ ಹೊಲದಲ್ಲಿ ಓಡಿಸಿ ನೋಡುವ ಅವಕಾಶ ನನಗೆ ಸಿಕ್ಕಿತು. ಎರಡೂ 45 ಎಚ್‌ಪಿ ಆಸುಪಾಸಿನವು. ಒಂದು ಡೆಮೊಗೆ ಬಂದ ಹೊಸದು. ಇನ್ನೊಂದು ಹದಿನೈದು ವರ್ಷ ಹಳೆಯದು, ಮೀಟರಿನಲ್ಲಿ 3,200 ಗಂಟೆ. ಹಿಂದೆ ಕಟ್ಟಿದ್ದು ಅದೇ ಕಲ್ಟಿವೇಟರ್, ಅದೇ ರೋಟಾವೇಟರ್, ಅದೇ ಟ್ರೇಲರ್. ಹಳೆಯದರ ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಹಾಗಾದರೆ ತೀರ್ಮಾನ ಸುಲಭ ಅಲ್ವಾ? ಅಷ್ಟು ಸುಲಭ ಇಲ್ಲ. ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದ ಮಾತು ಎರಡಿವೆ. ವರ್ಷಕ್ಕೆ ನಿಮ್ಮ ಗಾಡಿ ಎಷ್ಟು ಗಂಟೆ ಓಡುತ್ತದೆ? ಮಣ್ಣು ಹದ ಇರುವ ದಿನ ಅದು ಕೆಟ್ಟು ನಿಂತರೆ ನಿಮಗೆ ಆಗುವ ನಷ್ಟ ಎಷ್ಟು?

ಮೊದಲು ಉಳುಮೆ. ಕಲ್ಟಿವೇಟರ್ ಕಟ್ಟಿದಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಹಳೆಯದರ ಎಳೆತವೇ ನನಗೆ ಸ್ವಲ್ಪ ಜಾಸ್ತಿ ಹಿಡಿಸಿತು. ಮಣ್ಣು ಗಟ್ಟಿ ಬಂದ ಕಡೆ ಆರ್‌ಪಿಎಂ ಇಳಿಯುತ್ತಿತ್ತು, ಆದರೆ ಗಾಡಿ ನಿಲ್ಲುತ್ತಿರಲಿಲ್ಲ. ಇದರಲ್ಲಿ ಆಶ್ಚರ್ಯ ಏನಿಲ್ಲ. ಉಪಕರಣವನ್ನು ಮೂರು ಕಡೆ ಹಿಡಿದು, ಎಳೆತ ಜಾಸ್ತಿಯಾದಾಗ ತಾನೇ ಸ್ವಲ್ಪ ಎತ್ತಿಕೊಳ್ಳುವ ಹೈಡ್ರಾಲಿಕ್ ಪದ್ಧತಿ ಅದನ್ನು ರೂಪಿಸಿದ ಎಂಜಿನಿಯರ್ ಹ್ಯಾರಿ ಫರ್ಗುಸನ್ ಕಾಲದ್ದು. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರ್ ಜೊತೆ ಅದು ದೊಡ್ಡ ಮಟ್ಟದಲ್ಲಿ ಹೊಲಕ್ಕಿಳಿಯಿತು. ಇವತ್ತಿನ ಟ್ರ್ಯಾಕ್ಟರ್ ಹಿಂದೆಯೂ ಇರುವುದು ಅದೇ ಉಪಾಯ. ಬರೀ ಉಳುಮೆಗೆ ಅಂತ ಹೊಸದಕ್ಕೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ರೋಟಾವೇಟರ್ ಕಟ್ಟಿದ ಮೇಲೆ ಕಥೆ ಬದಲಾಯಿತು. ಹಳೆಯದಕ್ಕೆ ಇದ್ದದ್ದು ಸಿಂಗಲ್ ಕ್ಲಚ್. ಕ್ಲಚ್ ತುಳಿದರೆ ಗಾಡಿಯ ಜೊತೆ ಪಿಟಿಒ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟ್ ಕೂಡ ನಿಲ್ಲುತ್ತದೆ. ಕಳೆ, ಬೇರು ಸಿಕ್ಕಿಕೊಂಡು ಬ್ಲೇಡ್ ತಿಣುಕಿದಾಗ ಗಾಡಿಯನ್ನು ನಿಲ್ಲಿಸಿ ಬ್ಲೇಡನ್ನು ಮಾತ್ರ ತಿರುಗಿಸಿದರೆ ಕಸ ತಾನೇ ಬಿಡಿಸಿಕೊಳ್ಳುತ್ತದೆ. ಸಿಂಗಲ್ ಕ್ಲಚ್ಚಿನಲ್ಲಿ ಆ ಆಟ ನಡೆಯುವುದಿಲ್ಲ. ತುಳಿದ ಕೂಡಲೇ ಎರಡೂ ನಿಂತು, ಕಸ ಅಲ್ಲೇ ಬಿಗಿದುಕೊಳ್ಳುತ್ತಿತ್ತು. ಇಳಿದು ಕೈಯಲ್ಲಿ ಬಿಡಿಸಬೇಕು, ಅದೂ ಎಂಜಿನ್ ಆಫ್ ಮಾಡಿ. ಹುಲ್ಲು ಕತ್ತರಿಸುವ ಯಂತ್ರ ಕಟ್ಟುವವರಿಗೆ ಇನ್ನೊಂದು ಅಪಾಯವಿದೆ. ಜೋರಾಗಿ ತಿರುಗುತ್ತಿರುವ ಭಾರದ ಬ್ಲೇಡ್, ಕ್ಲಚ್ ತುಳಿದ ಮೇಲೂ ಗಾಡಿಯನ್ನೇ ಮುಂದಕ್ಕೆ ತಳ್ಳುತ್ತದೆ. ಇಂಥ ಗಾಡಿ ಕೊಳ್ಳುವುದಾದರೆ ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್, ಅಂದರೆ ಬ್ಲೇಡ್ ಗಾಡಿಯನ್ನು ತಿರುಗಿ ತಳ್ಳದಂತೆ ತಡೆಯುವ ಕ್ಲಚ್ ಹಾಕಿಸಲೇಬೇಕು. ಹೊಸದರಲ್ಲಿ ಪಿಟಿಒಗೆ ಬೇರೆಯದೇ ಕ್ಲಚ್ ಇತ್ತು. ಜೊತೆಗೆ 540ಇ ಅನ್ನುವ ಇನ್ನೊಂದು ಗೇರ್. ಪಿಟಿಒ ನಿಮಿಷಕ್ಕೆ ತಿರುಗಬೇಕಾದ ಅದೇ 540 ಸುತ್ತನ್ನು ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಕೊಡುತ್ತದೆ. ಸ್ಪ್ರೇಯರ್, ನೀರಿನ ಪಂಪಿನಂಥ ಹಗುರ ಕೆಲಸಕ್ಕೆ ಡೀಸೆಲ್ ಉಳಿಯುತ್ತದೆ.

ಟ್ರೇಲರ್ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಹಳೆಯದರ ಎಡ, ಬಲ ಬ್ರೇಕ್ ಒಂದೇ ಸಮ ಹಿಡಿಯುತ್ತಿರಲಿಲ್ಲ, ಭಾರ ತುಂಬಿ ಇಳಿಜಾರಿನಲ್ಲಿ ಬರುವಾಗ ಗಾಡಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಹೊಸದರ ಆಯಿಲ್ ಬ್ರೇಕ್ ಮುಂದೆ ಇದಕ್ಕೆ ಪಾಸ್ ಮಾರ್ಕ್ಸ್ ಇಲ್ಲ.

ಈಗ ದುಡ್ಡಿನ ಲೆಕ್ಕ. ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಎಎಸ್‌ಎಬಿಇ ಯಂತ್ರಗಳ ರಿಪೇರಿ ಖರ್ಚಿಗೆ ಒಂದು ಸೂತ್ರ ಕೊಟ್ಟಿದೆ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಆಯುಸ್ಸು ಸುಮಾರು 12,000 ಗಂಟೆ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ ಅದು. ಅದರಲ್ಲಿ ರಿಪೇರಿ ಖರ್ಚು ಗಂಟೆಗಳ ವರ್ಗದಂತೆ ಏರುತ್ತದೆ, ಅಂದರೆ ಗಂಟೆ ಎರಡು ಪಟ್ಟಾದರೆ ಒಟ್ಟು ಖರ್ಚು ನಾಲ್ಕು ಪಟ್ಟು. ಮೊದಲ 3,000 ಗಂಟೆಗೆ ಹೊಸ ಗಾಡಿಯ ಬೆಲೆಯ ಶೇ. 6ರಷ್ಟು ರಿಪೇರಿಗೆ ಹೋಗುತ್ತದೆ. 6,000 ಗಂಟೆ ಮುಟ್ಟುವ ಹೊತ್ತಿಗೆ ಒಟ್ಟು ಶೇ. 25. 9,000ಕ್ಕೆ ಶೇ. 57. 12,000ಕ್ಕೆ ಹೊಸ ಗಾಡಿಯಷ್ಟೇ ದುಡ್ಡು ರಿಪೇರಿಗೆ ಹೋಗಿರುತ್ತದೆ. ಇದು ಸರಾಸರಿ. ನಿಮ್ಮ ಗಾಡಿ ಇದನ್ನು ಓದಿಕೊಂಡು ಕೆಡುವುದಿಲ್ಲ ನಿಜ, ಆದರೂ ದಿಕ್ಕು ತೋರಿಸುತ್ತದೆ.

3,000 ಗಂಟೆ ಓಡಿದ ಗಾಡಿ ಕೊಂಡು ಇನ್ನು 3,000 ಗಂಟೆ ಓಡಿಸಿದರೆ ರಿಪೇರಿಗೆ ಶೇ. 19. ಹೊಸದನ್ನು ಅಷ್ಟೇ ಗಂಟೆ ಓಡಿಸಿದರೆ ಶೇ. 6. ವ್ಯತ್ಯಾಸ ಶೇ. 13. ಬೆಲೆಯಲ್ಲಿ ಉಳಿದದ್ದು ಶೇ. 50ಕ್ಕಿಂತ ಜಾಸ್ತಿ. ಹಳೆಯದೇ ಗೆದ್ದಿತು. ಆದರೆ 6,000 ಗಂಟೆ ಓಡಿದ್ದನ್ನು ಕೊಂಡರೆ ಮುಂದಿನ 3,000ಕ್ಕೆ ಶೇ. 30 ದಾಟುತ್ತದೆ, ಅಲ್ಲಿಗೆ ಅಗ್ಗ ಅನ್ನುವುದು ತೆಳ್ಳಗಾಗುತ್ತಾ ಬರುತ್ತದೆ. ಕೊನೆಗೆ ಮಾರುವಾಗ ಹೊಸದಕ್ಕೆ ಜಾಸ್ತಿ ಸಿಗುತ್ತದೆ, ಅದನ್ನೂ ಕಳೆಯಬೇಕು. ಸಾಲ ಮಾಡಿ ಕೊಳ್ಳುವುದಾದರೆ ಬಡ್ಡಿಯನ್ನು ಸೇರಿಸಬೇಕು.

ಹಾಗಾಗಿ ಎಲ್ಲವೂ ನಿಂತಿರುವುದು ಆ ಮೀಟರ್ ಮೇಲೆ. ಅದನ್ನು ಎಷ್ಟು ನಂಬಬಹುದು? ಹಳೆಯ ಗಾಡಿಗಳ ಮೀಟರ್ ಕೇಬಲ್ಲಿನಿಂದ ಓಡುವಂಥದ್ದು. ಗೊತ್ತುಮಾಡಿದ ಒಂದು ಆರ್‌ಪಿಎಂನಲ್ಲಿ ಓಡಿದರೆ ಮಾತ್ರ ಅದರ ಒಂದು ಗಂಟೆ ಗಡಿಯಾರದ ಒಂದು ಗಂಟೆ. ಅರ್ಧ ವೇಗದಲ್ಲಿ ಓಡಿದರೆ ಅರ್ಧ ಗಂಟೆಯನ್ನೇ ಎಣಿಸುತ್ತದೆ. ಕೇಬಲ್ ತುಂಡಾದರೆ ಎಣಿಸುವುದೇ ಇಲ್ಲ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ನಾನು ನೋಡಿದ ಗಾಡಿಯಲ್ಲಿ ಕ್ಲಚ್ ಪೆಡಲ್ಲಿನ ರಬ್ಬರ್ ಹೊಚ್ಚ ಹೊಸದು. ಬ್ರೇಕ್ ಪೆಡಲ್ಲಿನದು ಮಾತ್ರ ಹಳೆಯದೇ, ಗೀರು ಪೂರ್ತಿ ಸವೆದು ನುಣ್ಣಗಾಗಿತ್ತು. ಬಗ್ಗಿ ಡ್ರಾಬಾರ್, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂದಿನ ಪಟ್ಟಿ ನೋಡಿದೆ. ಪಿನ್ ಕೂರುವ ತೂತು ದುಂಡಗಿರಲಿಲ್ಲ, ಹಿಂದಕ್ಕೆ ಎಳೆದ ಹಾಗೆ ಉದ್ದವಾಗಿತ್ತು. ಅದು ವರ್ಷಗಟ್ಟಲೆ ಭಾರದ ಟ್ರೇಲರ್ ಎಳೆದದ್ದರ ಗುರುತು. ಪಿಟಿಒ ಶಾಫ್ಟಿನ ಹಲ್ಲುಗಳ ಅಂಚನ್ನು ಬೆರಳಲ್ಲಿ ಸವರಿದರೆ ಒಂದು ಪಕ್ಕ ಚೂಪು. ಮಾರುವವರು ಹೊಲದ ಕೆಲಸ ಬಿಟ್ಟು ಬೇರೆ ಮಾಡಿಸಿಲ್ಲ ಅಂದಿದ್ದರು. ನಾನು ಎದುರು ಮಾತಾಡಲಿಲ್ಲ. ಸುಮ್ನೆ 3,200ರ ಜಾಗದಲ್ಲಿ 5,000 ಇಟ್ಟು ಲೆಕ್ಕ ಹಾಕಿದೆ. ಮುಂದಿನ 3,000 ಗಂಟೆಗೆ ಶೇ. 27 ಬಂತು.

ಹಳೆಯದನ್ನು ನೋಡಲು ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ ಹೋಗಿ. ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ವಾಪಸ್ ಬನ್ನಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಭಾರ ಹಾಕಿದಾಗ ದಟ್ಟ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ, ಅದು ಸರಿ ಇದ್ದರೆ ಇಂಜೆಕ್ಟರ್, ಪಂಪ್. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿ. ಭುಸ್ ಭುಸ್ ಅಂತ ಜೋರಾಗಿ ಹೊಗೆ ಹೊಮ್ಮಿದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಕೆಲಸ ಹತ್ತಿರದಲ್ಲೇ ಇದೆ.

ಎಂಜಿನ್ ಎಲ್ಲರೂ ನೋಡುತ್ತಾರೆ. ಹಿಂದುಗಡೆ ನೋಡುವವರು ಕಡಿಮೆ. ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್ಕಿಗೆ ಬಹಳ ಗಾಡಿಗಳಲ್ಲಿ ಒಂದೇ ಎಣ್ಣೆ. ಡಿಪ್ ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಮಳೆಯಲ್ಲಿ ಹೊರಗೆ ನಿಂತ ಗಾಡಿಗಳಲ್ಲಿ ಗೇರ್ ಲಿವರಿನ ಹರಿದ ರಬ್ಬರ್ ಮೂಲಕ ಇಳಿಯುವ ನೀರು ಅದು. ಆಮೇಲೆ ರೋಟಾವೇಟರನ್ನು ಪೂರ್ತಿ ಎತ್ತಿಸಿ, ಎಂಜಿನ್ ಚಾಲೂ ಇರಲಿ. ಎತ್ತಿದ್ದು ಸುಮ್ಮನೆ ನಿಲ್ಲಬೇಕು. ಇಳಿದು, ಹತ್ತಿ, ಇಳಿದು, ಹತ್ತಿ ಅಂತ ಕುಣಿದರೆ ಸಿಲಿಂಡರ್ ಸೀಲಿನಲ್ಲೋ ವಾಲ್ವಿನಲ್ಲೋ ಎಣ್ಣೆ ಸೋರುತ್ತಿದೆ. ಪರೀಕ್ಷೆ ಮಾಡುವಾಗ ಅದರ ಕೆಳಗೆ ಯಾರೂ ಕೈಕಾಲು ಇಡಬಾರದು.

ಕ್ಲಚ್ ಪ್ಲೇಟ್ ಸವೆದಿದೆಯಾ ಅನ್ನುವುದನ್ನು ಟಾಪ್ ಗೇರಿನಲ್ಲಿ ಭಾರ ಎಳೆಸಿ ನೋಡಬೇಕು. ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಜಾರುತ್ತಿದೆ. ಪ್ಲೇಟ್ ಸಾಮಾನು ಅಂಥ ದುಬಾರಿ ಅಲ್ಲ, ಆದರೆ ಹಾಕಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು. ಕೂಲಿ ಜಾಸ್ತಿ, ದಿನವೂ ಹೋಗುತ್ತದೆ. ನಾನು ನೋಡಿದ್ದು ಜಾರುತ್ತಿತ್ತು. ಟೈರ್ ಪಕ್ಕದ ನಾಲ್ಕು ಅಂಕಿಯನ್ನೂ ಓದಿ: 2316 ಅಂದರೆ 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಬ್ಬು ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಹಿಂದಿನ ಎರಡು ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಬೇಕು.

ಚೌಕಾಸಿಗೆ ಬಾರದ ಒಂದು ವಿಷಯ ಇದೆ. ಗಾಡಿ ಮಗುಚಿದರೆ ಓಡಿಸುವವರನ್ನು ಉಳಿಸುವ ಕಂಬಿ ಹಳೆಯದಕ್ಕೆ ಇರಲಿಲ್ಲ. ಸ್ವೀಡನ್ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು 1959ರಲ್ಲೇ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಬಗ್ಗಿಸಿ ಹಾಕಿಸಿದರೆ ಅದು ನೆರಳಿನ ಚಪ್ಪರಕ್ಕೆ ಆದೀತು, ಜೀವ ಉಳಿಸಲು ಅಲ್ಲ. ಆ ಮಾಡೆಲ್ಲಿಗೆ ಅಂತ ಪರೀಕ್ಷೆ ಮಾಡಿದ ಕಂಬಿಯನ್ನೇ ತರಿಸಬೇಕು, ಜೊತೆಗೆ ಸೀಟ್ ಬೆಲ್ಟ್.

ಇಷ್ಟೆಲ್ಲ ಕೇಳಿದ ಮೇಲೆ ಹೊಸದೇ ವಾಸಿ ಅನ್ನಿಸಬಹುದು. ಅದಕ್ಕೂ ತಲೆನೋವು ಇಲ್ಲದಿಲ್ಲ. ಹೊಗೆಯ ನಿಯಮ ಬಿಗಿಯಾದ ಕಡೆ ಸಿಗುವ ಹೊಸ ಎಂಜಿನ್‌ಗಳು ಕಾಮನ್ ರೈಲ್‌ನವು, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವಂಥವು. ಡೀಸೆಲ್ ಅಲ್ಲಿ 1,000 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ಓಡುತ್ತದೆ. ಡಬ್ಬಿಯಲ್ಲಿ ತಂದ ಡೀಸೆಲ್ಲಿನಲ್ಲಿ ಸ್ವಲ್ಪ ನೀರು, ಧೂಳು ಇದ್ದರೂ ಹಳೆಯ ಪಂಪ್ ಗೊಣಗಿಕೊಂಡು ಓಡೀತು, ಇದು ಇಂಜೆಕ್ಟರನ್ನೇ ಕಳೆದುಕೊಳ್ಳುತ್ತದೆ. ಕೆಟ್ಟರೆ ಸ್ಪ್ಯಾನರ್ ಸಾಲದು, ಲ್ಯಾಪ್‌ಟಾಪ್ ಬೇಕು. ಯುರೋಪಿನ ಸ್ಟೇಜ್ ಫೈವ್ ನಿಯಮದ ಗಾಡಿಗಳಲ್ಲಿ 19 ಕಿಲೋವ್ಯಾಟ್ ಮೇಲ್ಪಟ್ಟವಕ್ಕೆ ಮಸಿ ಹಿಡಿಯುವ ಫಿಲ್ಟರ್ ಕೂಡ ಇರುತ್ತದೆ. ಹೆಚ್ಚು ಹೊತ್ತು ಐಡ್ಲಿಂಗಿನಲ್ಲಿ ಬಿಟ್ಟರೆ ಅದು ಕಟ್ಟಿಕೊಳ್ಳುತ್ತದೆ. ಮೊದಲ 50 ಗಂಟೆ ಎಂಜಿನನ್ನು ತೀರಾ ಹಗುರವಾಗಿಯೂ ಓಡಿಸಬಾರದು, ಒಂದೇ ಸಮ ಪೂರ್ತಿ ಭಾರವನ್ನೂ ಹಾಕಬಾರದು. ಆ ಹೊತ್ತಿನ ಮೊದಲ ಸರ್ವಿಸ್ ತಪ್ಪಿದರೆ ವಾರಂಟಿಗೆ ತಕರಾರು ಬರುತ್ತದೆ. ವಾರಂಟಿ ಸಾಮಾನಿಗೆ ಸಿಗುತ್ತದೆ. ಗಾಡಿ ನಿಂತ ದಿನಕ್ಕೆ ಸಿಗುವುದಿಲ್ಲ.

ಮಾರುವವರ ಮಾತು ನಂಬದವರು ನಾವೇ ಮೊದಲಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ವಿಲ್ಮಟ್ ಕ್ರೋಜಿಯರ್ ಅನ್ನುವ ರೈತ ಫೋರ್ಡ್ ಹೆಸರಿನ ಟ್ರ್ಯಾಕ್ಟರ್ ಕೊಂಡು ಸಾಕುಸಾಕಾದರು. ಆ ಕಂಪನಿಗೂ ಕಾರಿನ ಹೆನ್ರಿ ಫೋರ್ಡ್‌ಗೂ ಸಂಬಂಧವೇ ಇರಲಿಲ್ಲ. ಶಾಸನಸಭೆಗೆ ಹೋದ ಕ್ರೋಜಿಯರ್ 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷೆಯ ಕಾನೂನು ತರುವುದರಲ್ಲಿ ಮುಂದೆ ನಿಂತರು. 1920ರಿಂದ ಅಲ್ಲಿ ಪರೀಕ್ಷೆ ನಡೆಯುತ್ತಿದೆ. ಹಳೆಯ ವರದಿಗಳೂ ಓದಲು ಸಿಗುತ್ತವೆ. ನೀವು ನೋಡುತ್ತಿರುವ ಮಾಡೆಲ್ ಅಂಥ ಪರೀಕ್ಷೆಗೆ ಹೋಗಿದ್ದರೆ, ಬಾನೆಟ್ ಮೇಲೆ ಬರೆದ ಎಚ್‌ಪಿ ಬಿಟ್ಟು ಪಿಟಿಒದಲ್ಲಿ ಅಳೆದ ಎಚ್‌ಪಿ ನೋಡಿ. ರೋಟಾವೇಟರ್ ತಿರುಗಿಸುವುದು ಅದೇ.

ಬಾಡಿಗೆಗೆ ಓಡಿಸುವವರು, ವರ್ಷಕ್ಕೆ 800 ಗಂಟೆ ದಾಟುವವರು ಹೊಸದನ್ನೇ ಕೊಳ್ಳಲಿ. ಅಷ್ಟು ಓಡಿದರೆ ಅದರ ಬೆಲೆ ಗಂಟೆಗಳ ಮೇಲೆ ಹಂಚಿಹೋಗುತ್ತದೆ, ಒಪ್ಪಿಕೊಂಡ ಕೆಲಸವೂ ನಿಲ್ಲುವುದಿಲ್ಲ. ವರ್ಷಕ್ಕೆ 100 ಗಂಟೆಯೂ ಕೆಲಸ ಇಲ್ಲದವರಿಗೆ ಎರಡೂ ಬೇಡ, ಬಾಡಿಗೆಗೆ ಕರೆಸಿದರೆ ಸಾಕು. ನನ್ನದು ನಡುವಿನ ಲೆಕ್ಕ. ಸ್ವಂತ ಹೊಲ, ವರ್ಷಕ್ಕೆ ಸುಮಾರು 250 ಗಂಟೆ, ಹತ್ತಿರದಲ್ಲೇ ಆ ಎಂಜಿನ್ ಬಿಚ್ಚಿ ಕಟ್ಟಿ ಗೊತ್ತಿರುವ ಮೆಕ್ಯಾನಿಕ್. ಹಳೆಯದನ್ನೇ ಹಿಡಿದೆ. ಕ್ಲಚ್ ಕೆಲಸದ ದುಡ್ಡು ಮತ್ತು ಕಂಬಿಯ ದುಡ್ಡು ಬೆಲೆಯಲ್ಲಿ ಕಳೆಸಿದೆ. ಚಾಸಿ ನಂಬರ್, ಎಂಜಿನ್ ನಂಬರ್ ಕಾಗದಕ್ಕೆ ಹೊಂದುವುದನ್ನೂ ಸಾಲ ತೀರಿದ ಪತ್ರವನ್ನೂ ನೋಡಿದ ಮೇಲೆಯೇ ಮುಂಗಡ ಕೊಟ್ಟೆ. ಅದಕ್ಕೂ ಮೊದಲು ಬಿಡಿಭಾಗದ ಅಂಗಡಿಗೆ ಹೋಗಿ ಕ್ಲಚ್ ಪ್ಲೇಟ್, ವಾಟರ್ ಪಂಪ್, ಲಿಫ್ಟ್ ಸಿಲಿಂಡರಿನ ಸೀಲ್ ಕಿಟ್ ಇವತ್ತು ಸಿಗುತ್ತಾ ಅಂತ ಕೇಳಿದ್ದೆ. ಮೂರೂ ಕಪಾಟಿನಲ್ಲಿದ್ದವು. ತರಿಸಿಕೊಡುತ್ತೇವೆ ಅಂದಿದ್ದರೆ ನಾನು ಆ ಗಾಡಿ ಮುಟ್ಟುತ್ತಿರಲಿಲ್ಲ.